ಬೆಳ್ಳಗಿರುವುದೆಲ್ಲ ತೆಂಗಿನ ತುರಿಯಲ್ಲ

ಜಪಾನಿನ ಹೋಟೆಲಿಗೆ ಹೋದಾಗ ಕೌಂಟರಿನವರು "ನಾಳೆ ಬೆಳಿಗ್ಗೆ ಬೈಕಿಂಗು" ಎಂದರೆ ಹೆಲ್ಮೆಟ್ ಹುಡುಕಬೇಡಿ. ಅದು ಬಫೆ. ಟೋಕಿಯೊದ ಇಂಪೀರಿಯಲ್ ಹೋಟೆಲಿನ ಮುಖ್ಯಸ್ಥರಾಗಿದ್ದ ಇನುಮಾರು ತೆತ್ಸುಜೊ 1957ರಲ್ಲಿ ಡೆನ್ಮಾರ್ಕಿಗೆ ಹೋಗಿದ್ದಾಗ, ಮೇಜಿನ ತುಂಬ ತಿನಿಸು ಹರವಿಟ್ಟು ಬೇಕಾದವರು ಬೇಕಾದಷ್ಟು ಬಡಿಸಿಕೊಳ್ಳುವ ಊಟ ಕಂಡರು. 1958ರಲ್ಲಿ ತಮ್ಮ ಹೋಟೆಲಿನಲ್ಲೂ ಅದನ್ನು ಶುರುಮಾಡಿದರು. 'ಸ್ಮೋರ್ಗಾಸ್‌ಬೋರ್ಡ್' ಎಂಬ ಮೂಲ ಹೆಸರು ಜಪಾನಿ ನಾಲಿಗೆಗೆ ಹೊರಳಲಿಲ್ಲ. ಹತ್ತಿರದ ಚಿತ್ರಮಂದಿರದಲ್ಲಿ ವೈಕಿಂಗರ ಸಿನಿಮಾ ಓಡುತ್ತಿತ್ತು, ಹೆಸರು ಅಲ್ಲಿಂದ ಬಂತು; 'ವೈಕಿಂಗ್' ಜಪಾನಿ ಬಾಯಲ್ಲಿ 'ಬೈಕಿಂಗು' ಆಯಿತು. ಕಡಲ್ಗಳ್ಳರ ಹೆಸರಿಟ್ಟದ್ದರಲ್ಲಿ ತಪ್ಪೇನಿಲ್ಲ. ತಟ್ಟೆ ಹಿಡಿದು ನುಗ್ಗುವ ನಮ್ಮನ್ನು ನೋಡಿದರೆ ಅನ್ವರ್ಥವೇ ಅನ್ನಿಸುತ್ತದೆ.

ಕನ್ನಡದ ಹೊಟ್ಟೆಗೆ ಇಲ್ಲಿ ಗಂಡಾಂತರ ಬರುವುದು ಗೊತ್ತಿಲ್ಲದ ಪದಾರ್ಥದಿಂದಲ್ಲ. ಎಂಟು ಕಾಲಿನದೇನಾದರೂ ಕಂಡರೆ ನಾವು ತಾನಾಗಿಯೇ ದೂರ ಸರಿಯುತ್ತೇವೆ. ಅಪಾಯವಿರುವುದು ನಮ್ಮ ಅಡುಗೆಮನೆಯದೇ ಅನ್ನಿಸುವ ಸಾಮಾನಿನಲ್ಲಿ. ಅದು ಕಂಡ ತಕ್ಷಣ "ಓ ಇದಾ!" ಎಂದು ಎರಡು ಸೌಟು ಹಾಕಿಕೊಂಡುಬಿಡುತ್ತೇವೆ.

ಮೊದಲ ಬಲೆ ತೆಂಗಿನ ತುರಿ. ಬಟ್ಟಲಿನಲ್ಲಿ ಬೆಳ್ಳಗೆ, ಒದ್ದೆಯಾಗಿ, ಗುಡ್ಡೆ ಕಟ್ಟಿಕೊಂಡು ಕೂತಿರುವುದು ತುರಿದ ಮೂಲಂಗಿ. ಹಾಗಂತ ಕೋಸಂಬರಿಯೂ ಅಲ್ಲ. ಉಪ್ಪಿಲ್ಲ, ನಿಂಬೆಹುಳಿಯಿಲ್ಲ, ಒಗ್ಗರಣೆಯ ಮಾತೇ ಇಲ್ಲ. ಸುಟ್ಟ ಮೀನಿನ ಪಕ್ಕಕ್ಕೆ ಒಂದು ಚಮಚ ಇಟ್ಟು, ಮೇಲೆ ನಾಲ್ಕು ಹನಿ ಸೋಯಾ ಸಾಸ್ ಬಿಟ್ಟುಕೊಳ್ಳಲಿಕ್ಕೆ, ಇಲ್ಲವೇ ತೆಂಪುರ ಎಂಬ ಜಪಾನಿ ಬಜ್ಜಿಯನ್ನು ಅದ್ದುವ ಸಾರಿನಲ್ಲಿ ಕಲಸಲಿಕ್ಕೆ ಅದನ್ನು ಇಟ್ಟಿರುತ್ತಾರೆ. ಅದರಾಚೆಯ ಖಾರಾಬೂಂದಿಯೂ ಖಾರಾಬೂಂದಿಯಲ್ಲ. ತೆಂಪುರ ಕರಿಯುವಾಗ ಎಣ್ಣೆಗೆ ಉದುರಿದ ಹಿಟ್ಟಿನ ಚೂರುಗಳವು. ಉದೊನ್ ಶಾವಿಗೆಯ ಮೇಲೆ ಉದುರಿಸಿದರೆ ಚೆನ್ನ, ಮುಷ್ಟಿ ತುಂಬ ತಿಂದರೆ ಬರೀ ಜಿಡ್ಡು. ಪಕ್ಕದಲ್ಲೇ ದೋಸೆ ಹಿಟ್ಟು ಕಾಣಿಸಿತೋ, ಕಾವಲಿ ಎಲ್ಲಿ ಎಂದು ಕೇಳಬೇಡಿ. ಅದು ತುರಿದ ಹಸಿ ಗೆಣಸಿನ ಜಾತಿಯ ಗಡ್ಡೆ, ಹೆಸರು ತೊರೊರೊ. ಅನ್ನದ ಮೇಲೆ ಸುರಿದುಕೊಂಡು ಉಣ್ಣುತ್ತಾರೆ. ಬೆಂಡೆಕಾಯಿಯ ಲೋಳೆಯನ್ನೇ ಸಹಿಸದವರು ಆ ದಿಕ್ಕಿಗೆ ತಲೆ ಹಾಕದಿರುವುದು ಕ್ಷೇಮ.

ಹಸಿರು ಚಟ್ನಿಯ ಕಥೆ ಎಲ್ಲರಿಗೂ ಗೊತ್ತು, ಆದರೂ ಮೋಸ ಹೋಗುವವರಿಗೆ ಬರವಿಲ್ಲ. ಬಫೆಯಲ್ಲಿ ಸಿಗುವ ವಸಾಬಿ ಬಹುಮಟ್ಟಿಗೆ ಹಾರ್ಸ್‌ರ್‍ಯಾಡಿಶ್ ಗಡ್ಡೆಗೆ ಹಸಿರು ಬಣ್ಣ ಕಟ್ಟಿದ್ದು. ಅಸಲಿ ವಸಾಬಿ ತುಂಬ ದುಬಾರಿ. ಎರಡರಲ್ಲೂ ಘಾಟು ಕೊಡುವುದು ಸಾಸಿವೆಯಲ್ಲಿರುವಂಥದೇ ಎಣ್ಣೆ. ನಾವು ಸಾಸಿವೆಯನ್ನು ಚಟಪಟ ಸಿಡಿಸಿ ಅದರ ಸೊಕ್ಕಡಗಿಸುತ್ತೇವಾದ್ದರಿಂದ ಅದರ ನಿಜಗುಣ ಮರೆತಿದೆ. ಹಸಿ ಸಾಸಿವೆ ಅರೆದು ಮಲೆನಾಡಿನಲ್ಲಿ ಮಾಡುವ ಸೌತೆಕಾಯಿ ಸಾಸಿವೆ ಉಂಡವರಿಗೆ ಈ ಘಾಟಿನ ದಾರಿ ಗೊತ್ತು. ಮೆಣಸಿನಕಾಯಿಯಂತೆ ನಾಲಿಗೆಯಲ್ಲಿ ಕೂರದೆ, ಆವಿಯಾಗಿ ನೇರ ಮೂಗಿನೊಳಗೆ ಏರುತ್ತದೆ. ಹಾಗಾಗಿ ನೀರು ಕುಡಿದು ಉಪಯೋಗವಿಲ್ಲ, ಉರಿ ಇರುವುದು ನೀರು ಹೋಗದ ಓಣಿಯಲ್ಲಿ. ಸುಮ್ಮನೆ ಕೂತು ಕಣ್ಣೊರೆಸಿಕೊಂಡರೆ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ. ಒಂದು ಸುಶಿಗೆ ಅಕ್ಕಿಕಾಳಿನಷ್ಟು ಸಾಕು. ಸೋಯಾ ಸಾಸಿಗೆ ಅದ್ದುವಾಗ ಮೀನಿನ ಬದಿಯನ್ನು ಅದ್ದಿ. ಅನ್ನದ ಬದಿ ಅದ್ದಿದರೆ ಸುಶಿ ಅಲ್ಲೇ ಬಿಚ್ಚಿಕೊಂಡು, ಬಟ್ಟಲಿನಲ್ಲಿ ಮೊಸರಿಲ್ಲದ ಕಪ್ಪು ಮೊಸರನ್ನ ತಯಾರಾಗುತ್ತದೆ.

ಮೊಟ್ಟೆಯದು ಬೇರೆಯೇ ಅಧ್ಯಾಯ. ಬೆಳಗಿನ ಬೈಕಿಂಗಿನಲ್ಲಿ ಮೂರು ಬುಟ್ಟಿಗಳಿರಬಹುದು, ಮೂರರಲ್ಲೂ ಮೊಟ್ಟೆ ಒಂದೇ ರೂಪ. ಒಂದು ಗಟ್ಟಿಯಾಗಿ ಬೇಯಿಸಿದ್ದು. ಇನ್ನೊಂದು 'ಒನ್ಸೆನ್ ತಮಾಗೊ', ಅಂದರೆ ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆಯ ಆಸುಪಾಸು ಇಟ್ಟದ್ದು. ಅದರ ಬಿಳಿಭಾಗ ಇನ್ನೂ ನಡುಗುತ್ತಿರುತ್ತದೆ. ಮೂರನೆಯದು ಪೂರ್ತಿ ಹಸಿ. ಬಿಸಿ ಅನ್ನದ ಮೇಲೆ ಒಡೆದು, ಸೋಯಾ ಸಾಸ್ ಹಾಕಿ ಕಲಸಿಕೊಳ್ಳುವವರಿಗೆ. ಹಸಿಗೆ ಜಪಾನಿ ಭಾಷೆಯಲ್ಲಿ 'ನಮ' ಎನ್ನುತ್ತಾರೆ. ಫಲಕದಲ್ಲಿ 'ನಮ ತಮಾಗೊ' ಎಂದು ಬರೆದಿದ್ದರೂ ಓದದೆ ಮೇಜಿನಂಚಿಗೆ ಕುಟ್ಟಿದವರಿಗೆ ನಾಮ. ಫಲಕ ಓದಲು ಬಾರದಿದ್ದರೆ ಮೊಟ್ಟೆಯನ್ನು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ ನೋಡಿ. ಬೆಂದದ್ದು ಸರಾಗವಾಗಿ ಸುತ್ತುತ್ತದೆ, ಹಸಿಯದು ಓಲಾಡಿ ನಿಲ್ಲುತ್ತದೆ. ಮುಚ್ಚಳವಿರುವ ಪುಟ್ಟ ಕಪ್ಪಿನಲ್ಲಿ ಹಳದಿ ಕಸ್ಟರ್ಡ್ ಕಂಡು ಕೊನೆಗೆ ಸಿಹಿಯಾಗಿರಲಿ ಎಂದು ಎತ್ತಿಟ್ಟುಕೊಂಡಿದ್ದೀರಾ? ಅದು ಚವಾನ್‌ಮುಶಿ. ಸಾರಿನಲ್ಲಿ ಮೊಟ್ಟೆ ಕದಡಿ ಹಬೆಯಲ್ಲಿ ಬೇಯಿಸಿದ ಉಪ್ಪಿನ ತಿನಿಸು, ತಳದಲ್ಲಿ ಸಿಗಡಿ ಕಾದು ಕೂತಿರುತ್ತದೆ.

ಹಾಗೆಯೇ ಸಕ್ಕರೆ ಪಾಕದಲ್ಲಿ ನೆನೆದ ಕೆಂಪು ಹಣ್ಣಿನಂತೆ ಹೊಳೆಯುವ ಉಮೆಬೋಶಿ. ಸಾಂಪ್ರದಾಯಿಕವಾಗಿ ಮಾಡಿದ್ದಾದರೆ ಹಣ್ಣಿನ ತೂಕದ ಐದರಲ್ಲೊಂದು ಪಾಲಿನಷ್ಟು ಉಪ್ಪು ಹಾಕಿರುತ್ತಾರೆ, ಜತೆಗೆ ಹುಣಿಸೆಯನ್ನೂ ನಾಚಿಸುವ ಹುಳಿ. ಇಡಿಯಾಗಿ ಬಾಯಿಗೆ ಹಾಕಿ ಕಚ್ಚಿದರೆ ಒಳಗೆ ಬೀಜ ಬೇರೆ. ಜಪಾನಿಯರು ಅದನ್ನು ಗಂಜಿಯ ಜತೆ ಚೂರುಚೂರೇ ನೆಂಚಿಕೊಳ್ಳುತ್ತಾರೆ. ಕರಾವಳಿಯವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಮಿಡಿ ಉಪ್ಪಿನಕಾಯಿಯ ಜಾಗಕ್ಕೆ ಇದನ್ನು ಕೂರಿಸಿದರಾಯಿತು. ಹುರುಳಿಕಾಳಿನ ಉಸಲಿಯಂತೆ ಕಾಣುವ ನತ್ತೊ ಮಾತ್ರ ಕೂರಿಸಿದಲ್ಲಿ ಕೂರುವುದಿಲ್ಲ. ಹುದುಗಿದ ಸೋಯಾ ಕಾಳಿನ ನೂಲು ಬಟ್ಟಲಿನಿಂದ ಗಲ್ಲದವರೆಗೆ ಬರುತ್ತದೆ, ಗಲ್ಲದಿಂದ ಅಂಗಿಗೂ ಇಳಿಯುತ್ತದೆ.

ಪಾನೀಯದ ಸಾಲಿನಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ತಣ್ಣನೆಯ ಜಗ್ಗು ಇದ್ದರೆ ಅದು ಮುಗಿಚ, ಹುರಿದ ಬಾರ್ಲಿಯ ಚಹಾ. ಲೋಟ ತುಂಬ ಕುಡಿಯಬಹುದು. ಅದೇ ಬಣ್ಣದ ಜಗ್ಗು ಶಾವಿಗೆಯ ಪಕ್ಕದಲ್ಲಿದ್ದರೆ ಅದು ಮೆನ್‌ತ್ಸುಯು, ಸೋಯಾ ಮತ್ತು ಮೀನಿನ ಉಪ್ಪು ಸಾರು. ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದು ಜಪಾನಿ ಮನೆಗಳಲ್ಲೂ ನಡೆಯುವ ಹಳೆಯ ಫಜೀತಿ, ಹಾಗಾಗಿ ನೀವು ಒಂಟಿಯಲ್ಲ.

ಮೀನು ಎಂದ ಕೂಡಲೇ ಸಸ್ಯಾಹಾರಿಗಳು ಕಿವಿ ನಿಮಿರಿಸಬೇಕು. ನಮ್ಮಲ್ಲಿ ಹುಣಿಸೆರಸ ಇದ್ದಂತೆ ಅಲ್ಲಿ ದಾಶಿ. ಕೊಂಬು ಎಂಬ ಕಡಲಪಾಚಿ, ಒಣಗಿಸಿ ಹೊಗೆಯಾಡಿಸಿದ ಮೀನನ್ನು ತೆಳ್ಳಗೆ ಹೆರೆದ ಚೂರು ಇವುಗಳಿಂದ ತೆಗೆದ ರಸ ಅದು. ಮಿಸೊ ಸೂಪಿನಲ್ಲಿ ಬರೀ ತೋಫು ಕಂಡರೂ ಹಿಂದೆ ಮೀನಿದೆ. ಬೇಯಿಸಿದ ಕುಂಬಳಕಾಯಿ, ಪಾಲಕ್, ಸುರುಳಿ ಆಮ್ಲೆಟ್ಟು, ಎಲ್ಲದರೊಳಗೂ ಅದು ನುಸುಳಿರಬಹುದು. ಜಪಾನಿ 'ಕರ್ರಿ'ಗೆ ಕರಗಿಸುವ ಮಸಾಲೆಗಟ್ಟಿಗೂ ಅನೇಕ ಸಲ ದನದ ಅಥವಾ ಹಂದಿಯ ಕೊಬ್ಬು ಬಿದ್ದಿರುತ್ತದೆ. ಹೆಚ್ಚು ನಂಬಬಹುದಾದವು ಬಿಳಿ ಅನ್ನ, ಸೌತೆಕಾಯಿ ಸುಶಿ, ಉಪ್ಪಿನಲ್ಲಿ ಬೇಯಿಸಿದ ಎದಮಾಮೆ ಎಂಬ ಎಳೆ ಸೋಯಾ ಕಾಯಿ, ಹಣ್ಣು. ತೆಂಪುರ ತರಕಾರಿಯ ಹಿಟ್ಟಿನಲ್ಲಿ ಮೊಟ್ಟೆ ಇರಬಹುದು, ಎಣ್ಣೆಯಲ್ಲಿ ಸಿಗಡಿ ಈಜಿರಬಹುದು.

ಇನ್ನು ಕೂರುವ ವಿಷಯ. ಮೇಜಿನ ಮೇಲೆ ಎರಡು ಮುಖದ ಕಾರ್ಡು ಇಟ್ಟಿರುತ್ತಾರೆ. ಒಂದು ಮುಖ 'ಊಟ ನಡೆಯುತ್ತಿದೆ', ಇನ್ನೊಂದು 'ಮುಗಿಯಿತು'. ಎರಡನೇ ಸುತ್ತಿಗೆ ಏಳುವಾಗ ತಪ್ಪು ಮುಖ ಮೇಲಿದ್ದರೆ, ಮರಳಿ ಬರುವಷ್ಟರಲ್ಲಿ ಅರ್ಧ ತಿಂದ ತಟ್ಟೆ ಮಾಯ, ಕುರ್ಚಿಯಲ್ಲಿ ಬೇರೊಬ್ಬರು. ಪೇಟೆಯ 'ತಬೆಹೊದಾಯ್', ಅಂದರೆ ಬೇಕಾದಷ್ಟು ತಿನ್ನುವ ಅಂಗಡಿಗಳಲ್ಲಾದರೆ ಹೆಚ್ಚಾಗಿ 90 ಅಥವಾ 120 ನಿಮಿಷದ ಗಡುವು, ಕೊನೆಯ ಆರ್ಡರು ಅದಕ್ಕೆ 20–30 ನಿಮಿಷ ಮೊದಲೇ ಮುಗಿಯುತ್ತದೆ. ಕಣ್ಣಿಗೆ ಬೇಕೆನಿಸಿದ್ದನ್ನೆಲ್ಲ ತಂದು ಬಿಟ್ಟರೆ ದಂಡ ಹಾಕುವ ಕಡೆಗಳೂ ಇವೆ. ಪೊಟ್ಟಣ ಕಟ್ಟಿಕೊಡಿ ಅನ್ನುವಂತಿಲ್ಲ. ಬಿಸಿನೀರಿನ ಬುಗ್ಗೆಯ ಹೋಟೆಲಿನಲ್ಲಿ ಯುಕಾತ ಎಂಬ ತೆಳು ನಿಲುವಂಗಿ ತೊಟ್ಟು ಊಟಕ್ಕೆ ಬಂದವರು ಒಂದು ಕೈಯಿಂದ ಬಡಿಸಿಕೊಳ್ಳುತ್ತ ಇನ್ನೊಂದರಿಂದ ತೋಳು ಹಿಡಿದುಕೊಳ್ಳಲಿ. ಆ ಜೋಲು ತೋಳು ಎಲ್ಲ ಪದಾರ್ಥದ ರುಚಿಯನ್ನೂ ನಿಮಗಿಂತ ಮೊದಲು ನೋಡಿಬಿಡುತ್ತದೆ. ಎಡ ಅಂಚು ಬಲದ ಮೇಲೆ ಬರಬೇಕು. ತಿರುಗುಮುರುಗಾದರೆ ಅದು ಹೆಣಕ್ಕೆ ಉಡಿಸುವ ರೀತಿ.

ಇಷ್ಟು ಏಟು ತಿಂದವರು ಸಿಹಿಯ ಮೇಜಿಗೆ ಬರುವ ಹೊತ್ತಿಗೆ ಹುಷಾರಾಗಿರುತ್ತಾರೆ. ಅಲ್ಲಿ ಕಂದುಕೆಂಪಗಿನ ಹೂರಣದಂಥದ್ದು ಕಾಣುತ್ತದೆ. ಮೂಸಿ ನೋಡಿ, "ಇದೂ ಯಾವುದೋ ಮೀನಿನದೇ ಇರಬೇಕು" ಎಂದು ಮುಂದೆ ಹೋಗುತ್ತಾರೆ. ಅದು ಅಂಕೊ. ಕಾಳು ಬೇಯಿಸಿ, ಸಕ್ಕರೆ ಹಾಕಿ ಮಗುಚಿದ್ದು. ಏಲಕ್ಕಿ ಇಲ್ಲ ಅನ್ನುವುದೊಂದು ಬಿಟ್ಟರೆ, ಹೂರಣವೇ.