ಕಿಟಕಿಗೆ ನಾಲ್ಕು ಮುಖ, ನನಗೆ ಒಂದೇ

ಬೆಳಿಗ್ಗೆ ಎದ್ದು ನೋಡಿದರೆ ಕೋಣೆಯ ಕಿಟಕಿ ಮಬ್ಬಾಗಿತ್ತು. ಚಳಿಗೆ ಗಾಜು ಬೆವರೋದು ಇದ್ದದ್ದೇ ಅಲ್ವಾ, ಹಳೆ ಬನಿಯನ್ ತಂದು ಒರೆಸಿದೆ. ಹೋಗಲಿಲ್ಲ. ಹಾಗಾದರೆ ಹೊರಗಡೆ ಇರಬೇಕು ಅಂತ ಸ್ಟೂಲ್ ಎತ್ತಿಕೊಂಡು ಹೋಗಿ, ಹತ್ತಿ ಒರೆಸಿದೆ. ಹೊರಗಿಂದ ನೋಡಿದರೆ ಮಬ್ಬು ಒಳಗಡೆ ಇದ್ದ ಹಾಗಿತ್ತು. ಒಳಗೆ ಬಂದೆ. ಒಳಗಿಂದ ನೋಡಿದರೆ ಹೊರಗಡೆ. ಹೀಗೆ ಮೂರು ಸಲ ಸ್ಟೂಲ್ ಹೊತ್ತು ಓಡಾಡಿದೆ. ಎದುರು ಮನೆಯವರು ಏನಂದುಕೊಂಡರೋ ಏನೋ. ನಾಲ್ಕನೇ ಸಲ ಹೊರಡುವಾಗ ಮಗಳು ಗಾಜಿನ ಮೇಲೆ ಬೆರಳೆಳೆದು, ಒಣಗಿದ ಬೆರಳನ್ನು ನನಗೇ ತೋರಿಸಿ, "ಅಪ್ಪ, ಅದು ಮಧ್ಯದಲ್ಲಿದೆ" ಅಂದಳು.

ನಮ್ಮದು ಡಬಲ್ ಗ್ಲಾಸ್ ಕಿಟಕಿ. ಎರಡು ಗಾಜು ಅಂದರೆ ಒಟ್ಟು ನಾಲ್ಕು ಮುಖ, ಬ್ರಹ್ಮನ ಹಾಗೆ. ನಮ್ಮ ಕೈಗೆ ಸಿಗೋದು ಎರಡೇ. ಉಳಿದೆರಡು ಎದುರುಬದುರು ಕೂತಿರುತ್ತವೆ, ಮಧ್ಯೆ 16 ಮಿಲಿಮೀಟರ್ ಜಾಗ, ಸುತ್ತ ಸೀಲು. ಅಲ್ಲಿಗೆ ಗಾಳಿಯೂ ಹೋಗಬಾರದು, ಬನಿಯನ್ನೂ ಹೋಗಬಾರದು. ಬನಿಯನ್ ಹೋಗಿರಲಿಲ್ಲ. ಗಾಳಿ ಹೋಗಿತ್ತು.

ಆ ದಿನ ಕಚೇರಿಯಲ್ಲಿ ಕೆಲಸ ಬಿಟ್ಟು ಕಿಟಕಿಯ ಬಗ್ಗೆ ಓದಿದೆ. ಎರಡು ಗಾಜು ಜೋಡಿಸಿ ಅಂಚು ಮುಚ್ಚುವ ಈ ಉಪಾಯಕ್ಕೆ ಅಮೆರಿಕದ ಥಾಮಸ್ ಸ್ಟೆಟ್ಸನ್ ಅನ್ನೋರು 1865ರಲ್ಲೇ ಪೇಟೆಂಟ್ ತಗೊಂಡಿದ್ದರಂತೆ. ಎರಡು ಗಾಜಿನ ಮಧ್ಯೆ ಅಂಚಿಗುಂಟ ಒಂದು ಟೊಳ್ಳು ಪಟ್ಟಿ ಇರುತ್ತದೆ, ಅದಕ್ಕೆ ಸ್ಪೇಸರ್ ಅಂತಾರೆ. ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಸೂಜಿಯಲ್ಲಿ ಚುಚ್ಚಿದ ಹಾಗೆ ಸಾಲಾಗಿ ತೂತುಗಳು. ಒಳಗೆ ಸಣ್ಣ ಸಣ್ಣ ಕಾಳು. ಹೊಸ ಚಪ್ಪಲಿ ಡಬ್ಬಿಯಲ್ಲಿ "ತಿನ್ನಬೇಡಿ" ಅಂತ ಬರೆದ ಪೊಟ್ಟಣ ಇರುತ್ತಲ್ಲ, ಅದೇ ಜಾತಿ. ಮಧ್ಯದ ಗಾಳಿಯಲ್ಲಿ ಒಂದಿಷ್ಟು ತೇವ ಇದ್ದರೆ ಕುಡಿದುಬಿಡೋದು ಈ ಕಾಳಿನ ಕೆಲಸ. ಸೀಲು ಬಿಟ್ಟರೆ ಹೊರಗಿನ ತೇವ ದಿನಾ ಸ್ವಲ್ಪ ಸ್ವಲ್ಪ ನುಗ್ಗುತ್ತದೆ. ಕಾಳು ಪಾಪ ಕುಡಿದು ಕುಡಿದು ಒಂದು ದಿನ ಹೊಟ್ಟೆ ತುಂಬಿ ಸುಮ್ಮನಾಗುತ್ತದೆ. ಮಾರನೇ ಬೆಳಿಗ್ಗೆ ನಾನು ಸ್ಟೂಲ್ ಎತ್ತುತ್ತೇನೆ.

ಓದಿದ್ದನ್ನೆಲ್ಲ ಸಂಜೆ ಹೆಂಡತಿಗೆ ಹೇಳಿದೆ. "ಸರಿ, ಗಾಜಿನವರನ್ನ ಕರೆಸೋಣ" ಅಂದಳು. ನಾನೇ ಮಾಡ್ತೀನಿ ಅಂದೆ. ಅವಳು ಏನೂ ಹೇಳದೆ ಅಡುಗೆಮನೆ ಕಿಟಕಿ ಕಡೆ ನೋಡಿದಳು.

ಅಡುಗೆಮನೆ ಕಿಟಕಿಯದು ಹಳೇ ಕಥೆ. ಅದರ ಸಂದಿಯಿಂದ ಗಾಳಿ ಸೀಟಿ ಹೊಡೆಯುತ್ತಿತ್ತು. ಚೌಕಟ್ಟು ಮತ್ತು ಬಾಗಿಲಿನ ಮಧ್ಯೆ ಕಾಗದದ ಚೂರು ಇಟ್ಟು ಮುಚ್ಚಿ ಎಳೆದರೆ ಬಿಗಿ ಎಲ್ಲಿ ಕಡಿಮೆ ಅಂತ ಗೊತ್ತಾಗುತ್ತದೆ. ಸುಲಭವಾಗಿ ಬಂದರೆ ಅಲ್ಲಿ ಸಡಿಲ. ಕರೆಂಟ್ ಬಿಲ್ ಇಟ್ಟು ಎಳೆದೆ, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಂತು. ಕಿಟಕಿಯ ಪಕ್ಕದಲ್ಲಿ ಅಣಬೆ ಆಕಾರದ ಸಣ್ಣ ಗುಂಡಿಗಳಿರುತ್ತವೆ. ಅಲೆನ್ ಕೀ ಹಾಕಿ ಚೂರು ತಿರುಗಿಸಿದರೆ ಕಿಟಕಿ ಚೌಕಟ್ಟಿಗೆ ಇನ್ನಷ್ಟು ಒತ್ತಿ ಕೂರುತ್ತದೆ. ಚೂರು ತಿರುಗಿಸಬೇಕಿತ್ತು. ನಾನು ಎಲ್ಲವನ್ನೂ ಪೂರ್ತಿ ಬಿಗಿ ಮಾಡಿದೆ. ಆಮೇಲೆ ಹ್ಯಾಂಡಲ್ ತಿರುಗಲಿಲ್ಲ. ಎರಡೂ ಕೈ ಹಾಕಿ ತಿರುಗಿಸಿದೆ. ಒಳಗೆಲ್ಲೋ "ಟಕ್" ಅಂತು. ಅಲ್ಲಿಗೆ ಹ್ಯಾಂಡಲ್ ಗಿರಗಟ್ಲೆಯ ಹಾಗೆ ಸುತ್ತಲೂ ತಿರುಗತೊಡಗಿತು, ಕಿಟಕಿ ಮಾತ್ರ ಮುಚ್ಚಿದ್ದು ಮುಚ್ಚಿದ ಹಾಗೇ. ಮುರಿದ ಹಲ್ಲುಚಕ್ರ ಬದಲಾಯಿಸಬೇಕಾದರೆ ಕಿಟಕಿ ತೆರೆಯಬೇಕು, ಕಿಟಕಿ ತೆರೆಯಬೇಕಾದರೆ ಹಲ್ಲುಚಕ್ರ ಸರಿಯಿರಬೇಕು. ಬೀಗದ ಕೈ ಪೆಟ್ಟಿಗೆಯೊಳಗೆ ಬಿಟ್ಟು ಪೆಟ್ಟಿಗೆಗೆ ಬೀಗ ಹಾಕಿದ ಹಾಗೆ. ಕೊನೆಗೆ ಬಂದ ಮೆಕ್ಯಾನಿಕ್ ಹ್ಯಾಂಡಲ್ ಬಿಚ್ಚಿ, ಆ ತೂತಿನಲ್ಲಿ ಒಂದು ಗಂಟೆ ಹಲ್ಲಿನ ಡಾಕ್ಟರ ಹಾಗೆ ಕೆದಕಿ ತೆಗೆದರು. ಅಷ್ಟೂ ಹೊತ್ತು ನಾನು ಟಾರ್ಚ್ ಹಿಡಿದಿದ್ದೆ. ಟಾರ್ಚ್ ಚೆನ್ನಾಗಿ ಹಿಡಿದೆ ಅಂತ ನನ್ನ ಅಭಿಪ್ರಾಯ.

ಇರಲಿ. ಮಬ್ಬು ಕಿಟಕಿಗೆ ಮೊದಲು ಹೇರ್ ಡ್ರೈಯರ್ ಹಿಡಿದೆ. ಹತ್ತು ನಿಮಿಷಕ್ಕೆ ಮಬ್ಬು ಮಾಯ! ಮನೆಯವರನ್ನೆಲ್ಲ ಕರೆದು ತೋರಿಸಿದೆ. ಅವರು ಬಂದು ನೋಡಿ ಹೋಗಿ ಅರ್ಧ ಗಂಟೆಗೆ ಗಾಜು ತಣ್ಣಗಾಯಿತು, ಮಬ್ಬು ವಾಪಸ್ ಬಂತು. ನೀರು ಎಲ್ಲೂ ಹೋಗಿರಲಿಲ್ಲ. ಬಿಸಿಗೆ ಆವಿಯಾಗಿ ಅಲ್ಲೇ ತೇಲುತ್ತಿತ್ತು ಅಷ್ಟೆ. ಗಾಜಿಗೆ ಸಣ್ಣ ತೂತು ಕೊರೆದು ಒಣಗಿಸುವ ಉಪಾಯವೂ ಇದೆ. ಮಬ್ಬು ಹೋಗುತ್ತದೆ, ಆದರೆ ಒಳಗೆ ಆರ್ಗಾನ್ ಅನ್ನೋ ಅನಿಲ ತುಂಬಿದ್ದರೆ ಅದು ವಾಪಸ್ ಬರುವುದಿಲ್ಲ. ಆರ್ಗಾನ್ ಮೂಲಕ ಗಾಳಿಗಿಂತ ಮೂರನೇ ಒಂದು ಪಾಲು ಕಡಿಮೆ ಶಾಖ ದಾಟುತ್ತದೆ, ಅದಕ್ಕೇ ತುಂಬೋದು. ನಾನು ಡ್ರಿಲ್ ಎತ್ತಿಕೊಂಡಿದ್ದೆ, ಸುಳ್ಳು ಹೇಳಲ್ಲ. ಹೆಂಡತಿ ಪ್ಲಗ್ ಕಿತ್ತಳು. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ ಅಂತ ಗಾದೆ ಬೇರೆ ಹೇಳಿದಳು.

ಉಳಿದ ದಾರಿ ಒಂದೇ. ಚೌಕಟ್ಟು ಹಾಗೇ ಬಿಟ್ಟು, ಜೋಡಿ ಗಾಜನ್ನಷ್ಟೇ ಬದಲಾಯಿಸೋದು. ಇಡೀ ಕಿಟಕಿ ಕೀಳಬೇಕಾಗಿಲ್ಲ. ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ನಾನು ಟೇಪ್ ಹಿಡಿದು ಅಳೆದು ಫೋನ್ ಮಾಡಿದೆ. ಗಾಜಿನವರು ಕೇಳಿದರು: "ಇದು ಕಾಣೋ ಗಾಜಾ ಸಾರ್, ಪೂರ್ತಿ ಗಾಜಾ?"

ನಾನು ಫೋನ್ ಹಿಡಿದುಕೊಂಡೇ ಕಿಟಕಿ ನೋಡಿದೆ. ಗಾಜಿನ ಅಂಚು ಚೌಕಟ್ಟಿನೊಳಗೆ ಹೂತಿರುತ್ತದೆ. ನಾನು ಅಳೆದದ್ದು ಕಾಣೋದನ್ನು. ಆ ಅಳತೆಗೆ ಮಾಡಿಸಿದ್ದರೆ ಹೊಸ ಗಾಜು ಚೌಕಟ್ಟಿನ ಮಧ್ಯದಿಂದ ಸೀದಾ ಹೊರಗೆ ಬೀಳುತ್ತಿತ್ತು. ದೊಡ್ಡದಾದರೂ ಕಷ್ಟವೇ. ಸೀಲು ಮಾಡಿದ ಜೋಡಿ ಗಾಜನ್ನು ಆಮೇಲೆ ಕತ್ತರಿಸಿ ಚಿಕ್ಕದು ಮಾಡೋಕಾಗಲ್ಲ. ಅದರಲ್ಲೂ ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜು ಆದರೆ, ಕತ್ತರಿಸಲು ಹೋದವನ ಮುಂದೆ ಪುಡಿಪುಡಿಯಾಗಿ ಉದುರುತ್ತದೆ. ಅಂಚಿನ ಪಟ್ಟಿ ತೆಗೆದು, ಚೌಕಟ್ಟಿನ ಒಳಗಿನ ಜಾಗ ಅಳೆದು, ಅಗಲದಲ್ಲೂ ಎತ್ತರದಲ್ಲೂ ಸುಮಾರು 10 ಮಿಲಿಮೀಟರ್ ಕಳೆದು ಹೇಳಬೇಕು. ದಪ್ಪ ಬೇರೆ ಹೇಳಬೇಕು. ನಮ್ಮದು ಗಾಜು 4, ಮಧ್ಯದ ಜಾಗ 16, ಗಾಜು 4, ಒಟ್ಟು 24 ಮಿಲಿಮೀಟರ್. ಇನ್ನೊಂದು ತಮಾಷೆ: ರಾತ್ರಿ ಗಾಜಿನ ಮುಂದೆ ಬೆಂಕಿಕಡ್ಡಿ ಗೀರಿದರೆ ನಾಲ್ಕು ಜ್ವಾಲೆ ಕಾಣುತ್ತವೆ, ಮುಖಕ್ಕೊಂದು. ಅದರಲ್ಲಿ ಒಂದರ ಬಣ್ಣ ಬೇರೆ ಇದ್ದರೆ ಆ ಗಾಜಿಗೆ ಶಾಖ ತಡೆಯುವ ಲೇಪ ಇದೆ ಅಂತ ಅರ್ಥ. ನಾನು ಕಡ್ಡಿ ಗೀರಿದೆ. ಮೂರು ಹಳದಿ, ಒಂದು ಕೆಂಪುಕೆಂಪಗೆ. ನಾಲ್ಕೂ ನೋಡುತ್ತಾ ಮೈಮರೆತು ಬೆರಳು ಸುಟ್ಟುಕೊಂಡೆ. ಆದರೂ ಆ ಇಡೀ ವಾರದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಭಾನುವಾರ ಪಟ್ಟಿ ಬಿಚ್ಚಲು ಕೂತೆ. ಗಾಜನ್ನು ಒಳಗಡೆಯಿಂದ ಹಿಡಿದಿರುವ ನಾಲ್ಕು ಪ್ಲಾಸ್ಟಿಕ್ ಪಟ್ಟಿಗಳು. ಉದ್ದದ್ದನ್ನು ಮೊದಲು, ಅದೂ ಮಧ್ಯದಿಂದ, ಪುಟ್ಟಿ ಹಚ್ಚುವ ಚಾಕು ತೂರಿಸಿ ಮೆಲ್ಲಗೆ ಎಬ್ಬಿಸಬೇಕು. ಹಾಕುವಾಗ ಉಲ್ಟಾ, ಗಿಡ್ಡದ್ದು ಮೊದಲು. ಮೊದಲ ಪಟ್ಟಿ ಬಿಲ್ಲಿನ ಹಾಗೆ ಬಾಗಿ, ಬಿಟ್ಟುಕೊಂಡು, ನನ್ನ ಕಿವಿ ಪಕ್ಕದಿಂದ ಹಾರಿ ಮಂಚದ ಕೆಳಗೆ ಹೋಯಿತು. ಒಂದೊಂದಕ್ಕೂ ಟೇಪ್ ಅಂಟಿಸಿ ನಂಬರ್ ಬರೆದಿಟ್ಟೆ. ಒಂದೇ ಅಳತೆಯ ಹಾಗೆ ಕಾಣುವ ಎರಡು ಪಟ್ಟಿಗೆ ಒಂದು ಕೂದಲೆಳೆ ವ್ಯತ್ಯಾಸ ಇರುತ್ತದೆ, ಅದಲುಬದಲಾದರೆ ಮೂಲೆ ಕೂರಲ್ಲ.

ಕೆಳಗಿನ ಪಟ್ಟಿ ತೆಗೆದಾಗ ನೀರು.

ಸುಮ್ನೆ ಒದ್ದೆ ಅಲ್ಲ. ಚೌಕಟ್ಟಿನ ಕೆಳಗಿನ ಕಾಲುವೆ ತುಂಬ ಕಪ್ಪಗಿನ ನೀರು, ಅದರಲ್ಲಿ ಗಾಜಿನ ಬುಡ ಮುಳುಗಿ ಕೂತಿತ್ತು. ನೀರಿನ ಮೇಲೆ ಸತ್ತ ಇರುವೆ ಒಂದು ತೇಲುತ್ತಿತ್ತು. ಹೆಂಡತಿ ಬಗ್ಗಿ ನೋಡಿದಳು. "ಇಷ್ಟು ನೀರು ಹೊರಗೆ ಹೋಗೋಕೆ ದಾರಿ ಬಿಟ್ಟಿರಲ್ವಾ?" ಅಂತ ಕೇಳಿದಳು. ಒಳ್ಳೇ ಪ್ರಶ್ನೆ. ನಾನು ಉತ್ತರ ಕೊಡಲಿಲ್ಲ. ಯಾಕೆಂದರೆ ಆ ಕ್ಷಣಕ್ಕೆ ನನಗೆ ಮೂರು ವರ್ಷದ ಹಿಂದಿನ ಒಂದು ಸಂಜೆ ಸ್ಪಷ್ಟವಾಗಿ ನೆನಪಿಗೆ ಬಂತು.

ಆ ಸಂಜೆ ಹೊರಗೆ ನಿಂತು ಕಿಟಕಿ ನೋಡುವಾಗ ಚೌಕಟ್ಟಿನ ಕೆಳಗೆ ಎರಡು ಸಣ್ಣ ಸೀಳು ಕಂಡಿದ್ದವು. ಇರುವೆ ಸಾಲು ಅದರೊಳಗೆ ಹೋಗಿ ಬಂದು ಮಾಡುತ್ತಿತ್ತು. ಇಷ್ಟು ದುಡ್ಡು ತಗೊಂಡು ತೂತು ಬಿಟ್ಟು ಹೋಗಿದ್ದಾರಲ್ಲ ಅಂತ ಬೈದುಕೊಂಡು, ಸಿಲಿಕೋನ್ ಗನ್ ತಂದು ಎರಡನ್ನೂ ಮುಚ್ಚಿದ್ದೆ. ಬೆರಳಲ್ಲಿ ಸವರಿ ನುಣುಪು ಮಾಡಿದ್ದೆ. ತೂತು ಇತ್ತು ಅಂತಲೇ ಗೊತ್ತಾಗಬಾರದು, ಅಷ್ಟು ಚೆನ್ನಾಗಿ. ಯಾರಿಗೂ ಹೇಳಿಕೊಂಡಿರಲಿಲ್ಲ, ವಿನಯ.

ಮಳೆ ನೀರು ಹೊರಗಿನ ರಬ್ಬರ್ ದಾಟಿ ಸ್ವಲ್ಪ ಒಳಗೆ ಬಂದೇ ಬರುತ್ತದೆ. ಕಿಟಕಿ ಮಾಡಿದವರಿಗೆ ಅದು ಗೊತ್ತು. ಬಂದ ನೀರು ಆ ಕಾಲುವೆಗಿಳಿದು, ಆ ಸೀಳುಗಳಿಂದ ಹೊರಗೆ ಹರಿದುಹೋಗಲಿ ಅಂತಲೇ ಬಿಟ್ಟಿರುತ್ತಾರೆ. ಅದು ಮುಚ್ಚಿದರೆ ನೀರು ನಿಲ್ಲುತ್ತದೆ. ನಿಂತ ನೀರಲ್ಲಿ ಗಾಜಿನ ಅಂಚಿನ ಸೀಲು ನೆನೆದು ನೆನೆದು ಬಿಡುತ್ತದೆ. ಸೀಲು ಬಿಟ್ಟರೆ ಕಾಳಿನ ಹೊಟ್ಟೆ ತುಂಬುತ್ತದೆ. ಮುಂದಿನದು ನಿಮಗೆ ಗೊತ್ತು. ಒಂದು ವಾರದಿಂದ ಕಳ್ಳನನ್ನು ಹುಡುಕುತ್ತಿದ್ದ ಪತ್ತೇದಾರನಿಗೆ ಹೆಜ್ಜೆ ಗುರುತು ಸಿಕ್ಕಿತ್ತು, ಆದರೆ ಚಪ್ಪಲಿ ಅವನದೇ ಆಗಿತ್ತು.

"ಕಸ ಕಟ್ಟಿರಬೇಕು" ಅಂದೆ. ನೀರು ಹೋಗುವ ಸೀಳಲ್ಲಿ ಧೂಳು ಕಟ್ಟೋದು ನಿಜವೇ, ವರ್ಷಕ್ಕೊಮ್ಮೆ ತೆಳ್ಳಗಿನ ಕಡ್ಡಿ ಆಡಿಸಬೇಕು. ಹೆಂಡತಿ ಹೊರಗೆ ಹೋದಳು. ಸ್ಟೂಲ್ ಅಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಗಾಜಿನ ಆಚೆ ಅವಳ ಮುಖ ಮಬ್ಬುಮಬ್ಬಾಗಿ ಕಂಡಿತು. ಕೈಯಲ್ಲಿ ಏನೋ ಬಿಳಿಯದು, ರಬ್ಬರಿನ ಹಾಗೆ ಜೋತಾಡುತ್ತಿತ್ತು. ಅದರ ಮೇಲೆ ಬೆರಳಚ್ಚು ಇತ್ತಂತೆ. ಸಿಲಿಕೋನ್ ಎಷ್ಟು ಚೆನ್ನಾಗಿ ಉಳಿಸಿಕೊಳ್ಳುತ್ತದೆ ನೋಡಿ.

ಹೊಸ ಗಾಜು ಬರುವವರೆಗೆ ಹಳೆಯದನ್ನೇ ಕೂರಿಸಬೇಕಿತ್ತು. ಕೂರಿಸಿದೆ. ಅಷ್ಟರಲ್ಲಿ ನೆಲದ ಮೇಲೆ ಬಿದ್ದಿದ್ದ ಕೆಂಪು, ನೀಲಿ ಪ್ಲಾಸ್ಟಿಕ್ ಚೂರುಗಳನ್ನು ಕಸ ಅಂತ ಗುಡಿಸಿ ಹಾಕಿದ್ದೆ. ಕಿಟಕಿ ಮುಚ್ಚಲು ಹೋದರೆ ಹ್ಯಾಂಡಲ್ ಕಡೆಯ ಮೂಲೆ ಜೋತುಬಿದ್ದು ಚೌಕಟ್ಟಿಗೆ ತಾಗಿತು. ಆ ಚೂರುಗಳೇ ಪ್ಯಾಕರ್. ತಿರುಗಣಿ ಕಡೆಯ ಕೆಳಮೂಲೆಯಲ್ಲೊಂದು, ಓರೆಯಾಗಿ ಎದುರಿನ ಮೇಲ್ಮೂಲೆಯಲ್ಲೊಂದು ತುರುಕಿ, ಗೇಟಿಗೆ ಅಡ್ಡಪಟ್ಟಿ ಹೊಡೆಯುವ ಹಾಗೆ, ಗಾಜಿನ ಬಲದಿಂದಲೇ ಕಿಟಕಿಯನ್ನು ಎತ್ತಿ ಹಿಡಿದಿರುತ್ತಾರೆ. ಗಾಜು ಕಿಟಕಿಗೆ ಭಾರ ಅಂದುಕೊಂಡಿದ್ದೆ, ಬೆನ್ನೆಲುಬು ಅದೇ ಆಗಿತ್ತು. ಕಸದ ಬುಟ್ಟಿ ಕವುಚಿ ಚೂರು ಹುಡುಕಿದೆ. ಕೆಂಪು ಸಿಕ್ಕಿತು. ನೀಲಿ ಮಗಳ ಪೆನ್ಸಿಲ್ ಡಬ್ಬಿಯಲ್ಲಿತ್ತು, ಬಿಟ್ಟುಕೊಡಲು ಅವಳು ಚೌಕಾಸಿ ಮಾಡಿದಳು.

ಹೊಸ ಗಾಜನ್ನು ಕೂರಿಸಲು ಗಾಜಿನವರನ್ನೇ ಕರೆಸಿದೆವು. ಕರೆಸಿದೆವು ಅಂದರೆ ಹೆಂಡತಿ ಕರೆಸಿದಳು. ಲೆಕ್ಕ ಹಾಕಿದರೆ 4 ಮಿಲಿಮೀಟರಿನ ಎರಡು ಗಾಜು, ಚದರ ಮೀಟರಿಗೆ 20 ಕಿಲೋ. ನಮ್ಮದು ಒಂದೂಕಾಲು ಚದರ ಮೀಟರ್, 25 ಕಿಲೋ. ಇಬ್ಬರು ಬಂದು ಹೀರುಬಟ್ಟಲು ಅಂಟಿಸಿ ಎತ್ತಿಟ್ಟು ಅರ್ಧ ಗಂಟೆಯಲ್ಲಿ ಮುಗಿಸಿದರು. ಹೋಗುವಾಗ ಒಬ್ಬರು ಕೆಳಗಿನ ಸೀಳು ನೋಡಿ, "ಇದಕ್ಕೆ ಯಾರೋ ಸಿಲಿಕೋನ್ ಹಾಕಿದ್ರಾ?" ಅಂದರು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು, ಅವರಿಗೆ ಉತ್ತರ ಸಿಕ್ಕಿತು.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಎದ್ದರೆ ಹೊಸ ಗಾಜು ಮತ್ತೆ ಮಬ್ಬು! ಎದೆ ಧಸಕ್ಕೆಂದಿತು. ಬನಿಯನ್ ಹುಡುಕಲು ಹೊರಟವನು ನಿಂತೆ. ಒಳಗಡೆ ಬೆರಳೆಳೆದೆ, ಒಣಗಿತ್ತು. ಆಗ ಓದಿದ್ದು ನೆನಪಾಯಿತು. ಒಳಗಿನ ಬಿಸಿ ಹೊರಗಿನ ಗಾಜಿಗೆ ತಲುಪದಿದ್ದರೆ ಅದು ತಣ್ಣಗಿರುತ್ತದೆ, ತೇವದ ಬೆಳಗಿನಲ್ಲಿ ಅದರ ಹೊರಮೈ ಮೇಲೆ ಮಂಜು ಕೂರುತ್ತದೆ. ಕಿಟಕಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಇದನ್ನು ಮನೆಯವರಿಗೆ ವಿವರಿಸಬೇಕು ಅಂತ ಗಂಟಲು ಸರಿಮಾಡಿಕೊಳ್ಳುವಾಗ ಆ ಮಂಜಿನಲ್ಲಿ ಯಾರೋ ಹೊರಗಿನಿಂದ ಬೆರಳಲ್ಲಿ ಬರೆದದ್ದು ಕಂಡಿತು. ಒಳಗಿಂದ ಅಕ್ಷರ ತಿರುಗುಮುರುಗು. ಒಂದೊಂದೇ ಕೂಡಿಸಿ ಓದಿದೆ.

"ಅಪ್ಪ, ಮುಟ್ಟಬೇಡ."