ಹೆಡ್ಜ್‌ಹಾಗ್ ತರುವ ಮುನ್ನ ಕೂಡಿ ನೋಡಬೇಕಾದ ಲೆಕ್ಕ

ನಮ್ಮ ಮನೆಯಲ್ಲಿ ಹೆಡ್ಜ್‌ಹಾಗ್ ಇದೆ ಎಂದು ಗೊತ್ತಾದ ಮೇಲೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಉಪ್ಪಳದ ಕಡೆಯ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಂದಿರು, ನನ್ನಲ್ಲಿ ಕೇಳುವುದು ಒಂದೇ ಪ್ರಶ್ನೆ: ಅದಕ್ಕೆ ಎಷ್ಟಾಗುತ್ತದೆ? ಅವರ ಮನಸ್ಸಿನಲ್ಲಿರುವುದು ಮರಿಯ ಕ್ರಯ. ಅದೊಂದನ್ನು ಹೇಳಿ ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ. ಈ ಪ್ರಾಣಿಗೆ ತಗಲುವ ಒಟ್ಟು ವೆಚ್ಚದಲ್ಲಿ ಮರಿಯ ಕ್ರಯ ತೀರಾ ಸಣ್ಣ ಪಾಲು. ಉಳಿದ ವೆಚ್ಚದಲ್ಲಿ ನಾವು ಯಾವುದನ್ನು ಕೊಡದೆ ಉಳಿಸಿಕೊಳ್ಳುತ್ತೇವೆಯೋ ಅದನ್ನು ಆ ಜೀವ ತನ್ನ ಮೈಯಿಂದ ತೆರುತ್ತದೆ. ಆದ್ದರಿಂದ ಈ ಬರಹ ಸ್ವಲ್ಪ ದೀರ್ಘವಾಗಿದೆ.

ಮೊದಲು ಪ್ರಾಣಿಯ ಪರಿಚಯ. ಇದು ಮೈತುಂಬ ಮುಳ್ಳಿರುವ ಸಣ್ಣ ಪ್ರಾಣಿ. ನಮ್ಮ ತೋಟಗಳಿಗೆ ರಾತ್ರಿ ನುಗ್ಗಿ ಎಳೆಯ ತೆಂಗಿನ ಸಸಿಯ ಬುಡ ಕೊರೆಯುವ ಮುಳ್ಳುಹಂದಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಮುಳ್ಳುಹಂದಿ ಇಲಿಯ ಬಳಗದ್ದು, ಹೆಡ್ಜ್‌ಹಾಗ್ ಹುಳುಹುಪ್ಪಟೆಗಳನ್ನು ತಿಂದು ಬದುಕುವ ಬೇರೆಯೇ ಕುಲದ್ದು. ಸಾಕಲು ಮಾರುವುದು ಆಫ್ರಿಕಾ ಮೂಲದ ಪಿಗ್ಮಿ ಹೆಡ್ಜ್‌ಹಾಗ್ ಅನ್ನು. ಬೆಳೆದ ಪ್ರಾಣಿ ಸಾಮಾನ್ಯವಾಗಿ 300ರಿಂದ 600 ಗ್ರಾಂ ತೂಗುತ್ತದೆ. ನಮ್ಮ ದೇಶದಲ್ಲಿಯೂ ಹೆಡ್ಜ್‌ಹಾಗ್‌ಗಳಿವೆ. ತಮಿಳುನಾಡಿನ ಒಣನೆಲಗಳಲ್ಲಿ ಮತ್ತು ಪಾಲಕ್ಕಾಡಿನ ಕಡೆ ಕಾಣಸಿಗುವ ಜಾತಿ ದಕ್ಷಿಣ ಭಾರತದಲ್ಲಿ ಮಾತ್ರ ಇರುವಂಥದ್ದು. ಅದನ್ನು ಹಿಡಿಯುವುದಾಗಲಿ ಸಾಕುವುದಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದುದರಿಂದ ಮರಿ ಎಲ್ಲಿ ಹುಟ್ಟಿತು, ಯಾರಿಂದ ಬಂತು ಎಂಬುದಕ್ಕೆ ಕಾಗದಪತ್ರ ಕೊಡಲಾಗದವರಿಂದ ಅಗ್ಗವಾಗಿ ಸಿಕ್ಕಿತೆಂದು ಕೊಳ್ಳಲೇಬಾರದು. ಇನ್ನೊಂದು ವಿಷಯ ಹಟ್ಟಿಯಲ್ಲಿ ದನಗಳಿರುವ ನಮ್ಮಂಥವರಿಗೆ ತಿಳಿದಿರಬೇಕು: ಹೆಡ್ಜ್‌ಹಾಗ್‌ಗಳಿಗೆ ಕಾಲುಬಾಯಿ ರೋಗ ತಗಲಬಲ್ಲುದು, ಮತ್ತು ಅದೇ ಕಾರಣಕ್ಕೆ 1991ರಲ್ಲಿ ಅಮೆರಿಕ ಆಫ್ರಿಕಾದಿಂದ ಅವುಗಳ ಆಮದನ್ನು ತಡೆಯಿತು.

ಗೂಡು, ಚಕ್ರ, ಅಡಗುಪೆಟ್ಟಿಗೆಗಳದು ಒಮ್ಮೆ ಮಾಡಿ ಮುಗಿಯುವ ವೆಚ್ಚ. ನಾಲ್ಕಡಿ ಉದ್ದ, ಎರಡಡಿ ಅಗಲದ ಜಾಗವನ್ನು ಕೊಡಬೇಕು. ಊರಿನ ಬಡಗಿಯಿಂದ ಮಾಡಿಸಿಕೊಂಡರೆ ಪೇಟೆಯಿಂದ ತರುವ ಪಂಜರಕ್ಕಿಂತ ಹಗುರವಾಗಿ ಮುಗಿಯುತ್ತದೆ. ಆದರೆ ಚಕ್ರದಲ್ಲಿ ಉಳಿತಾಯ ಮಾಡಬಾರದು. ಇದು ರಾತ್ರಿಯಿಡೀ ಓಡುವ ಪ್ರಾಣಿ, ಓಡದಿದ್ದರೆ ಕೊಬ್ಬು ಬೆಳೆದು ಯಕೃತ್ತಿನ ಕಾಯಿಲೆಗೆ ಬೀಳುತ್ತದೆ. ಇಲಿಗಳಿಗೆಂದು ಮಾರುವ ತಂತಿಯ ಸಣ್ಣ ಚಕ್ರವನ್ನು ಹಾಕಿದರೆ ಅದರ ಸಂದಿನಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ, ಉಗುರು ಕಿತ್ತು ಬರುತ್ತದೆ. ಸಂದಿಲ್ಲದ, ಸುಮಾರು 30 ಸೆಂಟಿಮೀಟರ್ ಅಡ್ಡಳತೆಯ ಚಕ್ರವೇ ಬೇಕು.

ಪರದೇಶದವರು ಬರೆದ ಕೈಪಿಡಿಗಳನ್ನು ಓದಿ ನಮ್ಮವರು ದಾರಿ ತಪ್ಪುವುದು ಉಷ್ಣತೆಯ ವಿಷಯದಲ್ಲಿ. ಚಳಿದೇಶಗಳಲ್ಲಿ ಹೆಡ್ಜ್‌ಹಾಗ್ ಸಾಕುವವರ ಮುಖ್ಯ ವೆಚ್ಚ ಹೀಟರು. ಗೂಡಿನ ಉಷ್ಣತೆ 18 ಡಿಗ್ರಿಯ ಕಡೆಗೆ ಇಳಿದರೆ ಈ ಆಫ್ರಿಕಾದ ಪ್ರಾಣಿ ಚಳಿಗಾಲದ ನಿದ್ದೆಗೆ ಜಾರಲು ನೋಡುತ್ತದೆ, ಅದಕ್ಕೆ ಬೇಕಾದ ದೇಹವ್ಯವಸ್ಥೆ ಇಲ್ಲದ್ದರಿಂದ ಸತ್ತೇಹೋಗಬಹುದು. ಕಾಸರಗೋಡಿನಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳನ್ನು ಬಿಟ್ಟರೆ ಆ ಭಯವಿಲ್ಲ. 100 ವಾಟಿನ ಸೆರಾಮಿಕ್ ಹೀಟರು ಹತ್ತು ಗಂಟೆ ಉರಿದರೆ ಒಂದೇ ಯೂನಿಟ್. ಅದನ್ನು ಯಾರೂ ತಾಳಿಕೊಳ್ಳಬಹುದು. ನಮ್ಮಲ್ಲಿ ಹಣ ಹೋಗುವುದು ಮಾರ್ಚಿನಿಂದ ಮೇ ಕೊನೆಯ ಪತ್ತನಾಜೆಯವರೆಗಿನ ಸೆಕೆಗೆ. ಈ ಪ್ರಾಣಿಗೆ ಹಿತವಾಗಿರುವುದು 24ರಿಂದ 27 ಡಿಗ್ರಿಯ ಒಳಗಿನ ಹವೆ. 30 ದಾಟಿದ ಮೇಲೆ ಅದು ಕೈಕಾಲು ಚಾಚಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗುತ್ತದೆ, ಆಹಾರ ಮುಟ್ಟುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ತಾರಸಿ ಮನೆಗಳ ಮಹಡಿಯ ಕೋಣೆ ನಡುರಾತ್ರಿಯಲ್ಲೂ 30ರ ಕೆಳಗಿಳಿಯುವುದಿಲ್ಲ ಎಂಬುದು ಅಲ್ಲಿ ಮಲಗಿದವರಿಗೆಲ್ಲ ಗೊತ್ತು.

ಹಾಗಾದರೆ ಎಸಿ ಹಾಕಬೇಕು. ಒಂದು ಟನ್ನಿನ ಎಸಿ ಹಗಲಿನ ಉರಿಬಿಸಿಲಿನ ಎಂಟು ಗಂಟೆ ಓಡಿದರೆ ದಿನಕ್ಕೆ ಆರೇಳು ಯೂನಿಟ್ಟಾದರೂ ಖರ್ಚಾಗುತ್ತದೆ, ತಿಂಗಳಿಗೆ ಸುಮಾರು 200. ಕೇರಳದ ವಿದ್ಯುತ್ ದರದ ಕ್ರಮ ಗೊತ್ತಿರುವವರಿಗೆ ಇದರ ಅರ್ಥವಾಗುತ್ತದೆ: ತಿಂಗಳ ಬಳಕೆ 250 ಯೂನಿಟ್ ಮೀರಿತೆಂದರೆ ಮೆಟ್ಟಿಲು ಮೆಟ್ಟಿಲಾದ ಕಡಿಮೆ ದರದ ಸೌಲಭ್ಯ ತಪ್ಪಿ, ಬಳಸಿದ ಎಲ್ಲ ಯೂನಿಟ್ಟಿಗೂ ಒಂದೇ ಮೇಲಿನ ದರ ಬೀಳುತ್ತದೆ. ತೋಟದ ಮನೆಯಲ್ಲಿ ಫ್ರಿಜ್ಜು, ಮಿಕ್ಸಿ, ಫ್ಯಾನುಗಳಿಗೆ 150 ಯೂನಿಟ್ ಬಳಸುವ ಕುಟುಂಬ ಅರ್ಧ ಕಿಲೋ ತೂಕದ ಪ್ರಾಣಿಯ ಸಲುವಾಗಿ ಆ ಗೆರೆ ದಾಟಿದರೆ, ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು ನೋಡಿ ಮನೆಯವರು ಎಸಿ ಆರಿಸುತ್ತಾರೆ, ಮತ್ತು ಆ ಆರಿಸಿದ ಮಧ್ಯಾಹ್ನಗಳನ್ನು ಅದು ಅನುಭವಿಸುತ್ತದೆ. ನಾನು ನಮ್ಮದನ್ನು ಹಳೆಯ ಮನೆಯ ಮಣ್ಣುಗೋಡೆಯ ಒಳಕೋಣೆಯಲ್ಲಿ ಇಟ್ಟಿದ್ದೇನೆ; ಹೆಂಚಿನ ಮಾಡಿನ ಅಡಿಯಲ್ಲಿ ಅಟ್ಟವೂ ಇರುವುದರಿಂದ ಅಲ್ಲಿ ಸೆಕೆ ಕಡಿಮೆ. ಬಟ್ಟೆ ಸುತ್ತಿದ ಮಂಜುಗಡ್ಡೆ ಬಾಟಲಿ, ಒದ್ದೆ ಒರೆಸಿದ ನೆಲದ ಟೈಲಿನ ತುಂಡು ಇವುಗಳಿಂದ ಕೆಲವು ದಿನಗಳನ್ನು ಕಳೆಯಬಹುದು. ಅಂಥ ಕೋಣೆಯಿಲ್ಲದವರು ಎಸಿಯ ಬಿಲ್ಲನ್ನು ಲೆಕ್ಕಕ್ಕೆ ಸೇರಿಸಿಕೊಳ್ಳದೆ ಮರಿ ತರಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಮಳೆ ಹಿಡಿದ ಮೇಲೆ ಸೆಕೆಯ ಚಿಂತೆ ಕಳೆದು ತೇವದ ಚಿಂತೆ ಸುರುವಾಗುತ್ತದೆ. ಹಾಸಿದ ಕಾಗದದ ಚೂರು ಎರಡನೆಯ ದಿನಕ್ಕೇ ಮುಗ್ಗಲು ವಾಸನೆ ಹಿಡಿಯುತ್ತದೆ, ಉಣ್ಣೆಬಟ್ಟೆ ಹಾಸಿದರೆ ಒಗೆದದ್ದು ಒಣಗುವುದಿಲ್ಲ. ಒದ್ದೆ ಹಾಸಿನಲ್ಲಿ ಮಲಗಿದ ಪ್ರಾಣಿಗೆ ಚರ್ಮದಲ್ಲಿ ಬೂಸಲು ರೋಗ ಬರುತ್ತದೆ. ಅದಲ್ಲದೆ ಕಣ್ಣಿಗೆ ಸರಿಯಾಗಿ ಕಾಣದ ನುಸಿಗಳು ಸೇರಿ, ಮುಳ್ಳಿನ ಬುಡದಲ್ಲಿ ಹೊಟ್ಟು ಎದ್ದು, ಮುಳ್ಳುಗಳು ಉದುರತೊಡಗುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಾಸಿಗೆಯ ಖರ್ಚು ಬೇಸಗೆಯ ಇಮ್ಮಡಿ ಎಂದು ಹಿಡಿಯಬೇಕು.

ಆಹಾರದಲ್ಲಿ ಮಾತ್ರ ನಮ್ಮೂರಿನವರಿಗೆ ಅನುಕೂಲವಿದೆ. ಒಳ್ಳೆಯ ಬೆಕ್ಕಿನ ಆಹಾರ, ಪ್ರೋಟೀನ್ ಶೇಕಡಾ 30ಕ್ಕಿಂತ ಮೇಲಿದ್ದು ಕೊಬ್ಬು ಕಡಿಮೆ ಇರುವಂಥದ್ದು, ದಿನಕ್ಕೆ ಒಂದೆರಡು ಚಮಚ ಸಾಕು. ಅದರ ಜೊತೆಗೆ ಹುಳಗಳು ಬೇಕು. ಮೀಲ್‌ವರ್ಮ್ ಎನ್ನುವ ಹಿಟ್ಟಿನ ಹುಳವನ್ನು ಆನ್‌ಲೈನಿನಲ್ಲಿ ತರಿಸಿದರೆ ಅರ್ಧ ದಾರಿಯಲ್ಲೇ ಸತ್ತು ಬರುತ್ತವೆ. ಮನೆಯಲ್ಲಿ ಬೆಳೆಸುವುದು ಸುಲಭ: ಅಗಲವಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ದನಕ್ಕೆ ತಂದ ಗೋಧಿಬೂಸವನ್ನು ಎರಡು ಇಂಚು ಹರಡಿ, ನೀರಿಗೆ ಬದಲಾಗಿ ಕ್ಯಾರೆಟ್ ತುಂಡಿಟ್ಟು, ಮೇಲೆ ಗಾಳಿಯಾಡುವ ಬಲೆ ಕಟ್ಟಿದರೆ ಹುಳ ಕೋಶವಾಗಿ, ಕೋಶ ಕರಿಯ ಜೀರುಂಡೆಯಾಗಿ, ಜೀರುಂಡೆ ಮೊಟ್ಟೆಯಿಟ್ಟು ತನ್ನಿಂತಾನೇ ವಂಶ ಮುಂದುವರಿಸುತ್ತದೆ. ಮಾಂಸ, ಮೊಟ್ಟೆ ಒಳಗೆ ಬಾರದ ಮನೆಗಳಲ್ಲಿ ಈ ಡಬ್ಬಿ ಎಲ್ಲಿರಬೇಕು ಎಂಬುದನ್ನು ಹಿರಿಯರೊಡನೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಅನ್ನ, ಹಾಲು ಕೊಟ್ಟು ಇದನ್ನು ಸಾಕಲು ಬರುವುದಿಲ್ಲ. ಹಾಲು ಇದಕ್ಕೆ ಜೀರ್ಣವಾಗದೆ ಭೇದಿಯಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ವೆಚ್ಚ ಚಿಕಿತ್ಸೆ. ನಮ್ಮ ಪಂಚಾಯತುಗಳ ಮೃಗಾಸ್ಪತ್ರೆಗಳಲ್ಲಿ ದನ, ಆಡು, ನಾಯಿಗಳನ್ನು ನೋಡಿ ಪಳಗಿದ ವೈದ್ಯರಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಹೆಡ್ಜ್‌ಹಾಗ್ ಅನ್ನು ಪರೀಕ್ಷಿಸುವ ಕ್ರಮವೇ ಬೇರೆ. ಅಪರಿಚಿತ ಕೈ ತಾಗಿದೊಡನೆ ಅದು ಮುದುಡಿ, ಎಳೆಯ ಹಲಸಿನ ಗುಜ್ಜೆಯಂತಾಗುತ್ತದೆ; ಬಾಯಿ, ಹೊಟ್ಟೆ, ಕಾಲು ಒಂದೂ ಕಾಣುವುದಿಲ್ಲ. ಹಲ್ಲು ನೋಡಲು, ಎಕ್ಸ್‌ರೇ ತೆಗೆಯಲು, ಕೆಲವೊಮ್ಮೆ ಉಗುರು ಕತ್ತರಿಸಲು ಕೂಡ ಐಸೋಫ್ಲೂರೇನ್ ಎಂಬ ಅರಿವಳಿಕೆಯ ಅನಿಲ ಕೊಟ್ಟು ಅದನ್ನು ಮಲಗಿಸಬೇಕು. ಆ ಉಪಕರಣವೂ ಈ ಬಗೆಯ ಪ್ರಾಣಿಗಳ ಅನುಭವವೂ ಇರುವ ವೈದ್ಯರನ್ನು ಹುಡುಕಿಕೊಂಡು ನಾವು ತಲಪಾಡಿ ದಾಟಿ ಮಂಗಳೂರಿಗೆ, ಅಲ್ಲಿ ಆಗದಿದ್ದರೆ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಬೇಸಗೆಯಾದರೆ ಬಸ್ಸಿನಲ್ಲಿ ಒಯ್ಯುವಂತಿಲ್ಲ, ಎಸಿ ಇರುವ ಬಾಡಿಗೆ ಕಾರೇ ಆಗಬೇಕು. ವೈದ್ಯರ ಶುಲ್ಕಕ್ಕಿಂತ ದಾರಿಯ ಖರ್ಚು ಹೆಚ್ಚಾದದ್ದು ನಮಗೆ ಅನುಭವವಿದೆ.

ಮತ್ತೆ, ಈ ಪ್ರಾಣಿ ಸಾಮಾನ್ಯವಾಗಿ ಬದುಕುವುದು ಮೂರರಿಂದ ಆರು ವರ್ಷ. ಮೂರು ದಾಟಿದ ಮೇಲೆ ಗಡ್ಡೆಗಳು ಕಾಣಿಸಿಕೊಳ್ಳುವುದು ಬಹಳ ಸಾಮಾನ್ಯ. ವಾಬ್ಲಿ ಹೆಡ್ಜ್‌ಹಾಗ್ ಸಿಂಡ್ರೋಮ್ ಎನ್ನುವ ನರರೋಗ ಎರಡು ವರ್ಷದ ಆಸುಪಾಸಿನಲ್ಲೇ ಬರಬಹುದು. ಮೊದಲು ಹಿಂಗಾಲು ತಡವರಿಸುತ್ತದೆ, ಅನಂತರ ಮುಂಗಾಲು, ಕೊನೆಗೆ ನುಂಗಲೂ ಆಗುವುದಿಲ್ಲ, ಇದಕ್ಕೆ ಮದ್ದಿಲ್ಲ. ಅಂಥ ತಿಂಗಳುಗಳಲ್ಲಿ ಸಿರಿಂಜಿನಿಂದ ಆಹಾರ ಹಾಕುವವರು, ಮೈ ಒರೆಸುವವರು ಮನೆಯಲ್ಲಿ ಯಾರಾದರೂ ಇರಬೇಕು. ಆ ಹೊತ್ತನ್ನು ಯಾರೂ ಲೆಕ್ಕದಲ್ಲಿ ಬರೆಯುವುದಿಲ್ಲ, ನಾನು ಬರೆಯಿರಿ ಎನ್ನುತ್ತೇನೆ.

ಕಾಸರಗೋಡಿನ ಮನೆಗಳ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಹೆಡ್ಜ್‌ಹಾಗ್ ಬಯಸಿ ತರುವವರು ಇಪ್ಪತ್ತರ ಹರೆಯದವರು, ಮತ್ತು ನಮ್ಮಲ್ಲಿ ಆ ಹರೆಯದವರು ಗಲ್ಫಿಗೋ ಬೆಂಗಳೂರಿಗೋ ಹೊರಡುವವರೇ ಹೆಚ್ಚು. ನಮ್ಮದು ಕೂಡ ದುಬೈಗೆ ಹೋದ ಸಂಬಂಧಿಯೊಬ್ಬ ಬಿಟ್ಟುಹೋದದ್ದು. ಹೋದವನ ಮೇಲೆ ನನಗೆ ದೂರಿಲ್ಲ, ಕೆಲಸ ಸಿಕ್ಕಿತು, ಹೋದ. ಆದರೆ ರಾತ್ರಿ ಓಡುತ್ತಾ ಚಕ್ರದ ಮೇಲೆಯೇ ಮಾಡಿದ ಹೇಲನ್ನು ದಿನಾ ಬೆಳಿಗ್ಗೆ ತೊಳೆಯುವವರು ಅಮ್ಮ ಅಥವಾ ಅಜ್ಜಿ ಆಗುತ್ತಾರೆ. ಆ ಚಕ್ರವನ್ನು ಅಡುಗೆಮನೆಯ ಬಚ್ಚಲಲ್ಲಿ ತೊಳೆಯಬಾರದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನೋಡಲು ಆರೋಗ್ಯವಾಗಿರುವ ಹೆಡ್ಜ್‌ಹಾಗ್ ಕೂಡ ಸಾಲ್ಮೊನೆಲ್ಲಾ ರೋಗಾಣುವನ್ನು ಹೊತ್ತಿರಬಹುದು. 2019ರಲ್ಲಿ ಅಮೆರಿಕದಲ್ಲಿ ಇವುಗಳಿಂದ ಹರಡಿದ ಸೋಂಕಿನ ಬಗ್ಗೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಎಚ್ಚರಿಕೆ ನೀಡಿತ್ತು. ಐದು ವರ್ಷದೊಳಗಿನ ಮಕ್ಕಳೂ ಮುದುಕರೂ ಇರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಬೇಕೆನ್ನುವವರಿಗೆ ನನ್ನ ಸಲಹೆ ಹೀಗಿದೆ. ಮೊದಲು ಒಂದು ತಾಪಮಾಪಕ ಕೊಂಡು ಏಪ್ರಿಲ್ ತಿಂಗಳಲ್ಲಿ ಗೂಡಿಡಬೇಕೆಂದಿರುವ ಕೋಣೆಯಲ್ಲಿ ತೂಗುಹಾಕಿ, ಮಧ್ಯಾಹ್ನದ ಅಂಕಿಯನ್ನು ಬರೆದಿಡಿ. ಕಡಿಮೆಯೆಂದರೂ ಮರಿಯ ಕ್ರಯದಷ್ಟಾದರೂ ಹಣವನ್ನು ಚಿಕಿತ್ಸೆಗೆಂದು ಬ್ಯಾಂಕಿನಲ್ಲಿ ಬೇರೆಯಾಗಿ ಇಡಿ; ಅದು ಆಗದಿದ್ದರೆ ಮರಿ ತರುವುದನ್ನು ಮುಂದಕ್ಕೆ ಹಾಕಿ. ನೀವು ಊರು ಬಿಟ್ಟರೆ ಇದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿ, ಅವರ ಬಾಯಿಂದಲೇ ಒಪ್ಪಿಗೆ ಪಡೆಯಿರಿ. ಮಾರುವವರಲ್ಲಿ ಮರಿಯ ತಂದೆತಾಯಿಗಳಿಗೆ ಕಾಲು ತಡವರಿಸುವ ಕಾಯಿಲೆ ಇತ್ತೇ ಎಂದು ವಿಚಾರಿಸಿ. ಈಗಾಗಲೇ ಸಾಕುತ್ತಿರುವವರಿಗೆ ಹಿಟ್ಟಿನ ಹುಳದ ಬೀಜ ಬೇಕಿದ್ದರೆ ತಿಳಿಸಿ, ನಮ್ಮಲ್ಲಿ ಬೇಕಾದಷ್ಟಿದೆ. ಬದಿಯಡ್ಕ ಪೇಟೆಗೆ ಬರುವಾಗ ಗಾಳಿಯಾಡುವ ಡಬ್ಬಿಯೊಂದನ್ನು ತಂದರೆ ತುಂಬಿಸಿ ಕೊಡುತ್ತೇನೆ.