ಮನೆಮಂದಿಯ ಸೆಡಾನ್: ಐಷಾರಾಮಿಗೆ ಹೆಚ್ಚು ದುಡ್ಡು ಕೊಡಬೇಕೇ?

ಐದು ಜನ ಕೂತು ಹೋಗುವ ಕಾರು ಬೇಕು. ಒಂದು ಕಡೆ ಟೊಯೋಟ ಕ್ಯಾಮ್ರಿ, ಹೋಂಡಾ ಅಕಾರ್ಡ್, ಫೋಕ್ಸ್‌ವ್ಯಾಗನ್ ಪಸಾಟ್‌ಗಳಂಥ ಸಾಮಾನ್ಯ ಸೆಡಾನ್‌ಗಳು. ಇನ್ನೊಂದು ಕಡೆ ಅವುಗಳ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಬೆಲೆಯ ಐಷಾರಾಮಿ ಸೆಡಾನ್‌ಗಳು. ಕೈಯಲ್ಲಿ ದುಡ್ಡಿದೆ, ಅಥವಾ ಕಂತು ಕಟ್ಟುವ ತಾಕತ್ತಿದೆ ಎಂದಿಟ್ಟುಕೊಳ್ಳೋಣ. ಆ ಹೆಚ್ಚಿನ ದುಡ್ಡನ್ನು ಕೊಡುವುದು ಸರಿಯೇ? ಎರಡೂ ಬಗೆಯ ಕಾರು ಓಡಿಸಿದ ಇಬ್ಬರ ವಾದಗಳು ಇಲ್ಲಿವೆ.

ಪರ: ಕಾರಿನೊಳಗೆ ಕಳೆಯುವ ಹೊತ್ತಿಗೂ ಬೆಲೆಯಿದೆ

ಹದಿಮೂರು ವರ್ಷ ನಾನು ಸಾಮಾನ್ಯ ಸೆಡಾನನ್ನೇ ಓಡಿಸಿದವನು. ಅದರ ಬಗ್ಗೆ ನನ್ನ ಬಾಯಿಂದ ಕೆಟ್ಟ ಮಾತು ಬರುವುದಿಲ್ಲ. ಒಂದು ದಿನವೂ ನಡುದಾರಿಯಲ್ಲಿ ಕೈಕೊಟ್ಟಿಲ್ಲ. ಆದರೆ ದೂರದ ಪ್ರಯಾಣ ಮುಗಿಸಿ ಮಲಗಿದ ರಾತ್ರಿ ಟಯರಿನ ಮೊರೆತ ಕಿವಿಯೊಳಗೆ ಇನ್ನೂ ಇರುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತ ಅಮ್ಮ ಏನಾದರೂ ಹೇಳಿದರೆ "ಏನಮ್ಮಾ?" ಎಂದು ಎರಡೆರಡು ಸಲ ಕೇಳಬೇಕಿತ್ತು. ಮೂರನೆಯ ಸಲಕ್ಕೆ ಅವರು "ಏನಿಲ್ಲ ಬಿಡು" ಎಂದು ಸುಮ್ಮನಾಗಿಬಿಡುತ್ತಿದ್ದರು.

ಆ ಕಾರು ಕೊಟ್ಟು ಐಷಾರಾಮಿ ಸೆಡಾನ್ ತಂದ ಮೇಲಿನ ಮೊದಲ ದೂರದ ಪ್ರಯಾಣದಲ್ಲಿ ಅಮ್ಮ ತಮ್ಮ ಚಿಕ್ಕಂದಿನ ಕಥೆಯೊಂದನ್ನು ಶುರುಮಾಡಿದರು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ, ದನಿ ಏರಿಸದೆ, ಮನೆಯ ಜಗಲಿಯಲ್ಲಿ ಕೂತು ಮಾತಾಡಿದ ಹಾಗೆ. ಅಷ್ಟು ವರ್ಷ ಜೊತೆಯಲ್ಲೇ ಓಡಾಡಿದ್ದರೂ ನಾನು ಆ ಕಥೆ ಕೇಳಿರಲಿಲ್ಲ.

ಈ ನಿಶ್ಶಬ್ದ ಬರೀ ಬ್ರ್ಯಾಂಡಿನ ಹೆಸರಿನಿಂದ ಬಂದದ್ದಲ್ಲ. ನನ್ನ ಕಾರಿನ ಮುಂಬಾಗಿಲ ಗಾಜನ್ನು ಅರ್ಧ ಇಳಿಸಿ ಅದರ ಅಂಚನ್ನು ನೋಡಿದರೆ ಎರಡು ಹಾಳೆಗಳ ನಡುವೆ ತೆಳುವಾದ ಪದರವೊಂದು ಗೆರೆಯಂತೆ ಕಾಣುತ್ತದೆ. ಗಾಳಿಯ ಸದ್ದನ್ನು ಹೀರುವುದು ಅದೇ. ಬಾಗಿಲಿನ ಸುತ್ತ ಎರಡು, ಮೂರು ಸುತ್ತಿನ ರಬ್ಬರು, ನೆಲದಡಿ ಮತ್ತು ಚಕ್ರದ ಗೂಡುಗಳಲ್ಲಿ ದಪ್ಪ ಹೊದಿಕೆ, ಎಂಜಿನ್ ಕೂರುವ ಜಾಗದಲ್ಲಿ ನಡುಕವನ್ನು ತಿನ್ನುವ ಮೌಂಟುಗಳು. ಪ್ರತಿಯೊಂದಕ್ಕೂ ಖರ್ಚಿದೆ, ತೂಕವಿದೆ. ಎಲ್ಲರ ಕೈಗೆಟುಕುವ ಕಾರು ಮಾಡುವವರು ಇವುಗಳಲ್ಲಿ ಕೆಲವನ್ನು ಬಿಡಲೇಬೇಕಾಗುತ್ತದೆ.

1989ರಲ್ಲಿ ಬಂದ ಲೆಕ್ಸಸ್ ಎಲ್‌ಎಸ್ 400 ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮುಖ್ಯ ಎಂಜಿನಿಯರ್ ಇಚಿರೋ ಸುಜುಕಿ ಹಿಡಿದ ದಾರಿ, ಸದ್ದು ಹುಟ್ಟಿದ ಮೇಲೆ ಅದನ್ನು ಮುಚ್ಚುವುದಲ್ಲ, ಹುಟ್ಟುವ ಜಾಗದಲ್ಲೇ ತಡೆಯುವುದು. ಗಾಳಿ ಸದ್ದಿಲ್ಲದೆ ಜಾರಿಹೋಗಲೆಂದು ಮೈಯನ್ನು ತಿದ್ದಿತೀಡಿ ಗಾಳಿಯ ತಡೆಯ ಗುಣಾಂಕವನ್ನು 0.29ಕ್ಕೆ ಇಳಿಸಿದರು. ಆ ಕಾಲದ ದೊಡ್ಡ ಸೆಡಾನ್‌ಗಳಲ್ಲಿ ಅದು ಸಣ್ಣ ಮಾತಲ್ಲ. ಬಾನೆಟ್ಟಿನ ಮೇಲೆ ಗ್ಲಾಸುಗಳ ಗೋಪುರ ಕಟ್ಟಿ, ಚಕ್ರಗಳು ಭರ್ರನೆ ತಿರುಗುತ್ತಿದ್ದರೂ ಅದು ಬೀಳದಿರುವುದನ್ನು ತೋರಿಸಿದ ಜಾಹೀರಾತನ್ನು ಕಾರು ಪ್ರಿಯರು ಇವತ್ತಿಗೂ ನೆನೆಯುತ್ತಾರೆ. ಹೀಗೆ ಒಂದೊಂದು ನಡುಕದ ಬೆನ್ನುಹತ್ತಿ ಹೋಗಲು ಸಮಯ ಬೇಕು, ದುಡ್ಡು ಬೇಕು. ಅದನ್ನು ಕೊಡುವವರು ನಾವೇ.

ಕೂರುವ ಸುಖದ ಮಾತು ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಬೆಳೆಸುವುದಿಲ್ಲ. ಓಡಿಸುವ ಸುಖದ ಬಗ್ಗೆ ಒಂದು ಮಾತು ಮಾತ್ರ. ಬಹುಪಾಲು ಸಾಮಾನ್ಯ ಸೆಡಾನ್‌ಗಳಲ್ಲಿ ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಎಳೆಯುವುದೂ ತಿರುಗುವುದೂ ಅದೇ ಎರಡು ಚಕ್ರಗಳ ಪಾಲಿಗೆ ಬರುತ್ತದೆ. ಬಿಎಂಡಬ್ಲ್ಯು 3 ಸೀರೀಸ್, ಮರ್ಸಿಡಿಸ್ ಸಿ-ಕ್ಲಾಸ್‌ಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಎಳೆಯುವ ಕೆಲಸ ಹಿಂದಿನ ಚಕ್ರಗಳದ್ದು, ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿರುತ್ತದೆ. ಬೆಟ್ಟದ ತಿರುವಿನಲ್ಲಿ ಸ್ಟೀರಿಂಗ್ ಹಿಡಿದ ಕೈಗೆ ಈ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಇನ್ನು ಜೀವ ಉಳಿಸುವ ಉಪಕರಣಗಳು. ಜೋರಾಗಿ ಬ್ರೇಕ್ ಒತ್ತಿದಾಗಲೂ ಚಕ್ರಗಳು ಕಚ್ಚಿಕೊಳ್ಳದಂತೆ ತಡೆಯುವ ಬಾಷ್ ಕಂಪನಿಯ ಎಬಿಎಸ್ ಬ್ರೇಕು 1978ರಲ್ಲಿ ಮೊದಲು ಬಂದದ್ದು ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ. ಜಾರುವ ಕಾರನ್ನು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವ ಇಎಸ್‌ಪಿ 1995ರಲ್ಲಿ ಬಂದದ್ದೂ ಅಲ್ಲೇ. ಯುರೋಪಿನಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾದದ್ದು 2014ರ ಕೊನೆಯಲ್ಲಿ. ನಡುವೆ 19 ವರ್ಷ ಕಳೆದಿತ್ತು. ಮೊದಲು ಕೊಂಡವರು ದುಬಾರಿ ಬೆಲೆ ತೆತ್ತದ್ದರಿಂದಲೇ ಅದು ಅಗ್ಗವಾಗಿ ಉಳಿದವರ ಕೈಗೂ ಸಿಕ್ಕಿತು. ಆ 19 ವರ್ಷಗಳ ಮಳೆಗಾಲಗಳಲ್ಲಿ ನನ್ನ ಮಕ್ಕಳು ಯಾವ ಕಾರಿನಲ್ಲಿ ಇರಬೇಕಿತ್ತು ಎಂದು ಕೇಳಿದರೆ ನನ್ನಲ್ಲಿ ಒಂದೇ ಉತ್ತರವಿದೆ.

ಬೆಲೆ ಬೇಗ ಇಳಿಯುತ್ತದೆ ಎನ್ನುವುದು ನಿಜವೇ. ಮೂರು ವರ್ಷಕ್ಕೊಂದು ಕಾರು ಬದಲಿಸುವವರಿಗೆ ಅದು ದೊಡ್ಡ ಪೆಟ್ಟು. ನಾನು ಹಾಗೆ ಮಾಡುವವನಲ್ಲ. ಇನ್ನೊಬ್ಬರು ಮೂರು ವರ್ಷ ಜತನದಿಂದ ಓಡಿಸಿ ಮಾರಿದ ಕಾರನ್ನು, ಸರ್ವಿಸ್ ಪುಸ್ತಕದ ಪುಟ ಪುಟ ನೋಡಿ ಕೊಂಡೆ. ಆ ಮೊದಲ ಇಳಿಕೆಯ ಲಾಭ ನನಗೇ ಬಂತು. ಇನ್ನು ಹತ್ತು ವರ್ಷ ಇದನ್ನು ಕೊಡುವ ಯೋಚನೆಯಿಲ್ಲ.

ವಿರೋಧ: ಐದನೆಯವರು ಎಲ್ಲಿ ಕೂರುತ್ತಾರೆ?

ದುಬಾರಿ ಕಾರು ಎಂದರೆ ಗಟ್ಟಿ ಕಾರು ಎಂಬ ನಂಬಿಕೆ ನನಗೂ ಇತ್ತು. ಅದನ್ನು ಅಲುಗಿಸಿದ್ದು 2012ರ ಒಂದು ಪರೀಕ್ಷೆ. ವಿಮಾ ಕಂಪನಿಗಳ ಹಣದಿಂದ ನಡೆಯುವ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಆ ವರ್ಷ ಹೊಸ ಬಗೆಯ ಡಿಕ್ಕಿ ಪರೀಕ್ಷೆ ಶುರುಮಾಡಿತು. ಕಾರಿನ ಮುಂಭಾಗದ ಕಾಲುಭಾಗ ಮಾತ್ರ, ಅದೂ ಚಾಲಕರ ಕಡೆಯದು, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗಟ್ಟಿ ತಡೆಗೋಡೆಗೆ ಬಡಿಯುತ್ತದೆ. ಮರಕ್ಕೋ ಕಂಬಕ್ಕೋ ಅಂಚು ತಗುಲಿದಾಗ ಆಗುವುದು ಹೀಗೇ. ಮೊದಲು 11 ಐಷಾರಾಮಿ ಸೆಡಾನ್‌ಗಳನ್ನು ಬಡಿದು ನೋಡಿದರು. 'ಉತ್ತಮ' ಅಥವಾ 'ಪರವಾಗಿಲ್ಲ' ಎನ್ನಿಸಿಕೊಂಡವು 3 ಮಾತ್ರ. ಮರ್ಸಿಡಿಸ್ ಸಿ-ಕ್ಲಾಸ್, ಆಡಿ ಎ4, ಲೆಕ್ಸಸ್ ಇಎಸ್‌ಗಳಿಗೆ ಸಿಕ್ಕಿದ್ದು ಕಟ್ಟಕಡೆಯ ದರ್ಜೆ. ಅದೇ ವರ್ಷದ ಡಿಸೆಂಬರಿನಲ್ಲಿ ಸಾಮಾನ್ಯ ಬೆಲೆಯ 18 ಮಧ್ಯಮ ಗಾತ್ರದ ಕಾರುಗಳ ಫಲಿತಾಂಶ ಬಂತು. ಅವುಗಳಲ್ಲಿ 13 ಗೆದ್ದವು. ಹೋಂಡಾ ಅಕಾರ್ಡ್ 'ಉತ್ತಮ' ಎನ್ನಿಸಿಕೊಂಡಿತು. ಟೊಯೋಟ ಕ್ಯಾಮ್ರಿ ಸೋತಿತು, ಅದನ್ನೂ ಹೇಳಲೇಬೇಕು. ಆ ಬಳಿಕ ಎಲ್ಲರೂ ತಮ್ಮ ಕಾರುಗಳನ್ನು ತಿದ್ದಿಕೊಂಡಿದ್ದಾರೆ. ಆದರೆ ಬೆಲೆಪಟ್ಟಿ ನೋಡಿ ಸುರಕ್ಷತೆ ಅಳೆಯುವ ಅಭ್ಯಾಸವನ್ನು ನಾನು ಅವತ್ತೇ ಬಿಟ್ಟೆ.

ಹೆಡ್‌ಲೈಟಿನ ಕಥೆಯೂ ಇದೇ. 2016ರಲ್ಲಿ ಅದೇ ಸಂಸ್ಥೆ 31 ಮಧ್ಯಮ ಗಾತ್ರದ ಕಾರುಗಳ ದೀಪಗಳನ್ನು ಕತ್ತಲೆಯಲ್ಲಿ ಓಡಿಸಿ ಅಳೆಯಿತು. 'ಉತ್ತಮ' ದರ್ಜೆ ಸಿಕ್ಕಿದ್ದು ಒಂದೇ ಒಂದಕ್ಕೆ, ಟೊಯೋಟ ಪ್ರಿಯಸ್ ವಿ ಕಾರಿಗೆ, ಅದೂ ಎಲ್‌ಇಡಿ ದೀಪ ಹಾಕಿದ್ದಕ್ಕೆ. ಎಲ್ಲಕ್ಕಿಂತ ಕಳಪೆ ಬೆಳಕು ಬಿಎಂಡಬ್ಲ್ಯು 3 ಸೀರೀಸಿನ ಹ್ಯಾಲೋಜನ್ ದೀಪದ್ದು.

ಹೊಸ ಸುರಕ್ಷತಾ ಉಪಕರಣಗಳು ಮೊದಲು ದುಬಾರಿ ಕಾರಿಗೇ ಬರುತ್ತವೆ ಎಂಬ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ 1959ರಲ್ಲಿ ಬಂದದ್ದು ವೋಲ್ವೋದ ಸಾಧಾರಣ ಕುಟುಂಬದ ಕಾರುಗಳಲ್ಲಿ. ಅದನ್ನು ರೂಪಿಸಿದ ನಿಲ್ಸ್ ಬೋಲಿನ್ ಅವರ ಪೇಟೆಂಟನ್ನು ವೋಲ್ವೋ ಎಲ್ಲ ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಹಿಂದೆ 19 ವರ್ಷ ಕಾಯಬೇಕಿತ್ತು, ಒಪ್ಪುತ್ತೇನೆ. ಈಗ ಆ ಅಂತರ ಕರಗಿಹೋಗಿದೆ. 2018ರ ಅಕಾರ್ಡ್ ಮತ್ತು ಕ್ಯಾಮ್ರಿಗಳು ಅಮೆರಿಕದಲ್ಲಿ ಅತಿ ಕಡಿಮೆ ಬೆಲೆಯ ಮಾದರಿಯಿಂದಲೇ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಹೊತ್ತು ಬಂದವು. ಅದೇ ಹೊತ್ತಿಗೆ ಎಷ್ಟೋ ಐಷಾರಾಮಿ ಕಾರುಗಳಲ್ಲಿ ಇಂಥ ಸಲಕರಣೆಗಳಿಗೆ ಪ್ರತ್ಯೇಕ ಪ್ಯಾಕೇಜಿನ ದುಡ್ಡು ಕಟ್ಟಬೇಕಿತ್ತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮದು ಐದು ಜನರ ಮನೆ. ನಾನು, ನಮ್ಮವರು, ಅತ್ತೆ, ಇಬ್ಬರು ಮಕ್ಕಳು. ಒಂದು ಐಷಾರಾಮಿ ಸೆಡಾನ್ ನೋಡಲು ಷೋರೂಮಿಗೆ ಎಲ್ಲರೂ ಒಟ್ಟಿಗೇ ಹೋದೆವು. ಹಿಂದಿನ ಸೀಟಿನ ನಡುವೆ ಕೂತ ಸಣ್ಣ ಮಗಳು ಕಾಲಿಡಲು ಜಾಗ ಹುಡುಕಿದಳು. ನೆಲದ ನಟ್ಟನಡುವೆ ದಿಬ್ಬದ ಹಾಗೆ ಎದ್ದ ಉಬ್ಬು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟು ಅದರೊಳಗೆ ಹೋಗುತ್ತದೆ. ಅವಳು ಒಂದು ಕಾಲನ್ನು ಅಜ್ಜಿಯ ಕಡೆ, ಇನ್ನೊಂದನ್ನು ಅಕ್ಕನ ಕಡೆ ಇಟ್ಟಳು. ಅತ್ತೆಯ ಮೊಣಕಾಲು ಆಗಲೇ ಮುಂದಿನ ಸೀಟಿನ ಬೆನ್ನಿಗೆ ಒತ್ತಿತ್ತು. "ಚೆನ್ನಾಗಿದೆಯಮ್ಮ, ಆದರೆ ಇಳಿಯೋಕೆ ಯಾರಾದರೂ ಕೈ ಹಿಡೀಬೇಕು" ಎಂದರು. ಬಾಗಿಲ ಕಂಬ ಹಿಡಿದು, ಸೊಂಟ ತಿರುಗಿಸಿ, ಒಂದೊಂದೇ ಕಾಲು ಹೊರಗಿಟ್ಟು ಅವರು ಇಳಿದದ್ದನ್ನು ನೋಡಿದ ಮೇಲೆ ಸೀಟಿನ ಚರ್ಮದ ಹೊಲಿಗೆಯನ್ನು ಮೆಚ್ಚಲು ನನ್ನಿಂದ ಆಗಲಿಲ್ಲ.

ಅಂಕಿಗಳೂ ಅದನ್ನೇ ಹೇಳುತ್ತವೆ. ಕಂಪನಿಗಳೇ ಕೊಡುವ ಅಳತೆಯಂತೆ ಅಕಾರ್ಡಿನ ಹಿಂದಿನ ಸೀಟಿನಲ್ಲಿ ಕಾಲಿಗೆ ಸುಮಾರು 40 ಇಂಚು ಜಾಗವಿದೆ. 3 ಸೀರೀಸಿನಲ್ಲಿ ಸುಮಾರು 35 ಇಂಚು. ಐದು ಇಂಚು ಎಂದರೆ ಒಂದು ಅಂಗೈ ಉದ್ದಕ್ಕಿಂತ ತುಸು ಹೆಚ್ಚು. ನೋಯುವ ಮೊಣಕಾಲಿಗೆ ಅಷ್ಟು ಜಾಗ ಬಹಳ ದೊಡ್ಡದು. ಇದರಲ್ಲಿ ಗುಟ್ಟೇನೂ ಇಲ್ಲ. ಎಂಜಿನ್ ಉದ್ದಕ್ಕೆ ಕೂರಿಸಿದರೆ ಮೂತಿ ಉದ್ದವಾಗುತ್ತದೆ, ಮನುಷ್ಯರ ಪಾಲಿನ ಜಾಗ ಕಡಿಮೆಯಾಗುತ್ತದೆ. ತಿರುವಿನಲ್ಲಿ ಚಾಲಕರ ಕೈಗೆ ಸಿಗುವ ಸುಖಕ್ಕೆ ಹಿಂದೆ ಕೂತವರು ಬೆಲೆ ತೆರುತ್ತಾರೆ. ಮನೆಮಂದಿಯ ಕಾರಿನಲ್ಲಿ ಇದು ನನಗೆ ನ್ಯಾಯವೆನ್ನಿಸುವುದಿಲ್ಲ.

ಹಾಗಾದರೆ ಮುಂದಿನ ಚಕ್ರಗಳು ಎಳೆಯುವ ಐಷಾರಾಮಿ ಕಾರು ಕೊಳ್ಳಬಹುದಲ್ಲ ಎನ್ನಬಹುದು. ಕೊಳ್ಳಬಹುದು, ಆದರೆ ಆಗ ಕೊಳ್ಳುತ್ತಿರುವುದೇನು ಎಂದು ನೋಡಿ. 2018ರಲ್ಲಿ ಬಂದ ಲೆಕ್ಸಸ್ ಇಎಸ್ ಮತ್ತು ಅದಕ್ಕೆ ಒಂದು ವರ್ಷ ಮೊದಲು ಬಂದ ಕ್ಯಾಮ್ರಿ ಕೂತಿರುವುದು ಜಿಎ-ಕೆ ಎಂಬ ಒಂದೇ ತಳಪಾಯದ ಮೇಲೆ. ಎರಡರ ಹೈಬ್ರಿಡ್ ಮಾದರಿಗಳಲ್ಲೂ ಇರುವುದು 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನು. ಆಡಿ ಎ3 ಮತ್ತು ಸ್ಕೋಡಾ ಆಕ್ಟೇವಿಯಾಗಳ ನೆಂಟಸ್ತಿಕೆಯೂ ಇಂಥದ್ದೇ. ಲೆಕ್ಸಸ್‌ನಲ್ಲಿ ಗಾಜು ದಪ್ಪ, ಹೊದಿಕೆ ಹೆಚ್ಚು, ಚರ್ಮ ಮೃದು, ಅದೆಲ್ಲ ನಿಜ. ಆದರೆ ಎಲುಬಿನ ಗೂಡು ಒಂದೇ ಆಗಿರುವಾಗ ಇಷ್ಟು ದೊಡ್ಡ ಬೆಲೆಯ ಅಂತರವನ್ನು ಹೊದಿಕೆಗೂ ಚರ್ಮಕ್ಕೂ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೊಂಡ ಮೇಲಿನ ಖರ್ಚನ್ನು ಷೋರೂಮಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಅಣ್ಣನ ಐಷಾರಾಮಿ ಸೆಡಾನನ್ನು ನಾನು ಒಂದು ವರ್ಷ ಓಡಿಸಿದ್ದೇನೆ. ಕಾರು ನಿಲ್ಲಿಸುವಾಗ ಕಂಬಕ್ಕೆ ಮುಂಭಾಗ ಮೆಲ್ಲಗೆ ತಾಗಿತು. ಬಂಪರಿನ ಮೇಲೆ ಬೆರಳುದ್ದದ ಗೀರು, ಹೆಡ್‌ಲೈಟಿನ ಗಾಜಿನಲ್ಲಿ ಕೂದಲೆಳೆಯ ಬಿರುಕು. ಗಾಜು ಬದಲಿಸಿದರೆ ಮುಗಿಯಿತು ಎಂದುಕೊಂಡು ಹೋದೆ. ಆ ದೀಪದ ಗಾಜು ಬೇರೆಯಾಗಿ ಬರುವುದೇ ಇಲ್ಲ. ಒಳಗಿನ ಎಲ್‌ಇಡಿ, ಅದನ್ನು ತಿರುಗಿಸುವ ಮೋಟರು, ಕಂಟ್ರೋಲ್ ಯೂನಿಟ್ ಎಲ್ಲ ಸೇರಿ ಒಂದೇ ಗಡ್ಡೆ, ಪೂರ್ತಿ ಬದಲಿಸಬೇಕು. ಮುಂದಿನ ವಾಹನದ ದೂರ ಅಳೆಯುವ, ಬಂಪರಿನ ಹಿಂದಿನ ರೇಡಾರನ್ನು ಮತ್ತೆ ಗುರಿಗೆ ಹೊಂದಿಸಬೇಕು. ಮೂರು ವಾರ ಕಾರು ಗ್ಯಾರೇಜಿನಲ್ಲೇ ಕೂತಿತ್ತು. ಬಿಲ್ಲು ನೋಡಿದಾಗ ಬೈಯದ ಅಣ್ಣನಿಗೆ ನಾನು ಇಂದಿಗೂ ಋಣಿ.

ಇದರ ಜೊತೆಗೆ ದೊಡ್ಡ ಚಕ್ರದ ತೆಳು ಅಂಚಿನ ಟಯರುಗಳು, ಗುಂಡಿಗೆ ಬಿದ್ದರೆ ರಿಮ್ಮಿಗೇ ಪೆಟ್ಟು. ಎಷ್ಟೋ ಟರ್ಬೊ ಎಂಜಿನ್ನುಗಳಿಗೆ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲೇ ಬೇಕು. ವಿಮೆಯೂ ಹೆಚ್ಚು. ಸಾಮಾನ್ಯ ಸೆಡಾನಿನ ಹೆಡ್‌ಲೈಟೂ ಈಗ ಎಲ್‌ಇಡಿಯೇ, ಅದೂ ಒಡೆದರೆ ಅಗ್ಗವಲ್ಲ. ಆದರೆ ಲಕ್ಷಾಂತರ ಕಾರುಗಳಿಗೆ ಹೊಂದುವ ಬಿಡಿಭಾಗ ಬೇರೆ ಕಡೆ ಸಿಗುತ್ತದೆ, ಅದನ್ನು ಕೂರಿಸಬಲ್ಲ ಮೆಕ್ಯಾನಿಕ್ಕುಗಳೂ ಹೆಚ್ಚು. ಐಷಾರಾಮಿ ಕಾರಿನ ಬೆಲೆ ಬೇಗ ಇಳಿಯುವುದಕ್ಕೂ ಇದೇ ಕಾರಣ. ಎರಡನೆಯವರು ಕೊಳ್ಳುವಾಗ ಮುಂದಿನ ರಿಪೇರಿಯ ಭಯವನ್ನು ಬೆಲೆಯಿಂದ ಕಳೆದೇ ಚೌಕಾಸಿ ಮಾಡುತ್ತಾರೆ. ಬೆಲೆ ಇಳಿದ ಮೇಲೆ ಕೊಂಡೆ, ಗೆದ್ದೆ ಎನ್ನುವವರು ಆ ಭಯವನ್ನೂ ಕಾರಿನ ಜೊತೆಗೇ ಮನೆಗೆ ತಂದಿರುತ್ತಾರೆ. ಕಾರಿನ ಬೆಲೆ ಅರ್ಧಕ್ಕಿಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ.

ಸದ್ದಿನ ವಿಷಯದಲ್ಲಿ ಮಾತ್ರ ನಾನು ಸೋಲೊಪ್ಪುತ್ತೇನೆ. ಅಣ್ಣನ ಕಾರಿನ ಮೌನ ನಮ್ಮದರಲ್ಲಿ ಇಲ್ಲ. ಕೊನೆಗೆ ನಾವು ಕೊಂಡದ್ದು ಸಾಮಾನ್ಯ ಸೆಡಾನಿನ ಮೇಲ್ದರ್ಜೆಯ ಮಾದರಿ. ಹಳೆಯ ಟಯರು ಸವೆದಾಗ ಗಡುಸು ಟಯರಿನ ಬದಲು ಸದ್ದು ಕಡಿಮೆ ಮಾಡುವಂಥದ್ದನ್ನು ಹುಡುಕಿ ಹಾಕಿಸಿದೆವು. ಮೊರೆತ ಪೂರ್ತಿ ಹೋಗಲಿಲ್ಲ, ಆದರೆ ಒಂದು ಮೆಟ್ಟಿಲು ಇಳಿಯಿತು. ಅತ್ತೆ ಈಗ ಯಾರ ಕೈಯನ್ನೂ ಹಿಡಿಯದೆ ಇಳಿಯುತ್ತಾರೆ. ಸಣ್ಣವಳು ನಡುವೆ ಕೂತು ಎರಡೂ ಕಾಲು ಜೋಡಿಸಿಕೊಂಡು ನಿದ್ದೆ ಹೋಗುತ್ತಾಳೆ.